ದೊಡ್ಡವರ ಮುಖದ ಫಾಯಿಲ್

ನೊರೆಯುಕ್ಕುವ ವೈನಿನ ಬಾಟಲಿಗೆ ಬಿರಡೆ ಜಡಿದು, ಅದು ಹಾರಿಹೋಗದಂತೆ ತಂತಿ ಬಿಗಿದು, ಆ ಎರಡನ್ನೂ ಮುಚ್ಚುವಂತೆ ಕುತ್ತಿಗೆಯವರೆಗೆ ತೆಳು ತಗಡಿನ ಒಂದು ಫಾಯಿಲ್ ತೊಡಿಸಿರುತ್ತಾರೆ. ಆ ಫಾಯಿಲ್ ಹೇಗಿರಬೇಕು ಎಂದು ಬರೆದುಕೊಡುವುದು ಇಪ್ಪತ್ತೆರಡು ವರ್ಷಗಳಿಂದ ನನ್ನ ಕೆಲಸ. ಕೊಂಡವರು ಅದನ್ನು ನೋಡುವುದು ಹೆಚ್ಚೆಂದರೆ ಎರಡು ಕ್ಷಣ. ಉಗುರು ಸಿಕ್ಕಿಸಿ ಪರ್ರನೆ ಹರಿದು, ಉಂಡೆ ಮಾಡಿ, ಎಂಜಲು ತಟ್ಟೆಯೊಳಗೆ ಬಿಸಾಡುತ್ತಾರೆ. ಅದಕ್ಕಾಗಿ ನಾನು ಬಂಗಾರದ ಬಣ್ಣದಲ್ಲೇ ಹದಿನೇಳು ಬಗೆ ಕಲಿತಿದ್ದೇನೆ. ಕಲಿತದ್ದಕ್ಕೆ ನನಗೆ ನಾನೇ ಶಹಭಾಸ್ ಹೇಳಿಕೊಳ್ಳಬೇಕು, ಬೇರೆ ಯಾರೂ ಹೇಳುವವರಿಲ್ಲ.

ಫಾಯಿಲ್ ಅಚ್ಚುಹಾಕುವ ಕಾರ್ಖಾನೆ ನನ್ನ ಭಾವನದು. ಅಕ್ಕನ ಮದುವೆಯಾದ ವರ್ಷ, ಚಿತ್ರಕಲೆಯ ಓದು ಮುಗಿಸಿ ಮನೆಯಲ್ಲಿ ಕೂತಿದ್ದ ನನ್ನನ್ನು ನಾಲ್ಕು ತಿಂಗಳ ಮಟ್ಟಿಗೆ ಬಂದು ಕೈಜೋಡಿಸು ಎಂದು ಕರೆದರು. ಆ ನಾಲ್ಕು ತಿಂಗಳು ಇನ್ನೂ ಮುಗಿದಿಲ್ಲ. ಟೈರಿಗೆ ಹೊಸ ರಬ್ಬರ್ ಅಂಟಿಸುವ ಅಂಗಡಿಯ ಮೇಲಿನ ಮಹಡಿಯಲ್ಲಿ ನನ್ನ ಕೋಣೆ. ಕೆಳಗಿನಿಂದ ಸುಟ್ಟ ರಬ್ಬರಿನ ವಾಸನೆ, ಪಕ್ಕದಿಂದ ಅಚ್ಚಿನ ಶಾಯಿಯ ವಾಸನೆ. ಕಿಟಕಿಯ ಕಟ್ಟೆಯ ಮೇಲೆ ಖಾಲಿ ಬಾಟಲಿಗಳ ಸಾಲು. ಒಳಗೆ ಹನಿ ವೈನಿಲ್ಲದಿದ್ದರೂ ಎಲ್ಲಕ್ಕೂ ಬಿರಡೆ, ಎಲ್ಲಕ್ಕೂ ತಂತಿ. ವೈನ್ ಮಾಡುವವರೆಂದರೆ ಭಾವನಿಗೆ ಸ್ವರ್ಗದಿಂದ ಇಳಿದವರು. ಅವರ ಫೋನ್ ಬಂದರೆ ಕುರ್ಚಿಯಿಂದ ಎದ್ದು ನಿಂತು, ಹೊಟ್ಟೆಯನ್ನು ಒಳಗೆಳೆದುಕೊಂಡು ಮಾತಾಡುತ್ತಾರೆ, ಫೋನಿನ ಆಚೆ ಕಡೆಗೆ ಹೊಟ್ಟೆ ಕಾಣಿಸುತ್ತದೇನೋ ಎಂಬಂತೆ.

ನಮ್ಮ ಗಿರಾಕಿಗಳಲ್ಲೆಲ್ಲ ದೊಡ್ಡದು ಒಂದು ಹಳೆಯ ವೈನ್ ಮನೆತನ. ಅದನ್ನು ಕಟ್ಟಿದ ಮುದುಕರನ್ನು ಎಲ್ಲರೂ ದೊಡ್ಡವರು ಎನ್ನುತ್ತಿದ್ದರು, ಅವರ ಮಗನನ್ನು ಚಿಕ್ಕವರು ಎನ್ನುತ್ತಿದ್ದರು. ಚಿಕ್ಕವರಿಗೆ ಆಗ ನಲವತ್ತಾರು ವರ್ಷ, ತಲೆ ಅರ್ಧ ಬೋಳಾಗಿತ್ತು. ಆದರೂ ಆ ಹೆಸರು ಅವರಿಗೆ ಹೇಳಿ ಮಾಡಿಸಿದಂತಿತ್ತು. ದೊಡ್ಡವರು ಎರಡು ವರ್ಷದಿಂದ ಹೊರಗೆ ಕಾಣಿಸಿಕೊಂಡಿರಲಿಲ್ಲ. ವಯಸ್ಸಾಯಿತಲ್ಲ ಎಂದುಕೊಂಡು ನಾನು ಸುಮ್ಮನಿದ್ದೆ.

ಒಂದು ದಿನ ಬೆಳಿಗ್ಗೆ ಚಿಕ್ಕವರೇ ನನ್ನ ಕೋಣೆಗೆ ಬಂದರು. ಭಾವ ಅವರ ಹಿಂದೆ ಕುರ್ಚಿ ಹೊತ್ತುಕೊಂಡು ಬಂದರು. ತಂದೆಗೆ ಎಂಬತ್ತು ತುಂಬುತ್ತದೆ, ಅವತ್ತಿಗೆಂದು ವಿಶೇಷ ವೈನ್ ಹೊರಗೆ ಬರುತ್ತದೆ, ಫಾಯಿಲ್ ಮೇಲೆ ತಂದೆಯ ಮುಖ ಇರಬೇಕು ಎಂದರು. ಅದೂ ಎಷ್ಟು ದೊಡ್ಡದು? ಸಭಾಂಗಣದ ಬಾಗಿಲಿನಿಂದಲೇ ಗುರುತು ಸಿಗುವಷ್ಟು. ಹದಿನೈದು ವರ್ಷದ ಹಿಂದಿನ ಒಂದು ಫೋಟೋ ಕೊಟ್ಟರು. ಜೊತೆಗೆ, ಯಾರೋ ಸಲಹೆಗಾರ ಕಂಪ್ಯೂಟರಿನಲ್ಲಿ ಮಾಡಿಕೊಟ್ಟಿದ್ದ ಬಾಟಲಿಯ ಚಿತ್ರವನ್ನೂ ತೋರಿಸಿದರು. ಅದರಲ್ಲಿ ಫಾಯಿಲ್ ಕನ್ನಡಿಯ ಹಾಗೆ ನುಣ್ಣಗಿತ್ತು, ದೊಡ್ಡವರು ಅದರೊಳಗಿಂದ ದೇವರ ಹಾಗೆ ಬೆಳಗುತ್ತಿದ್ದರು.

ನಿಜವಾದ ಬಾಟಲಿ ಹಾಗಿರುವುದಿಲ್ಲ. ಫಾಯಿಲ್ ಟೊಪ್ಪಿಗೆಯ ಹಾಗೆ ಮೇಲಿನಿಂದ ಇಳಿಯುತ್ತದೆ. ಬಿರಡೆ ದಪ್ಪ, ಕುತ್ತಿಗೆ ಸಣ್ಣ. ಆದ್ದರಿಂದ ಬಿರಡೆಯ ಕೆಳಗೆ ಅದು ಸಡಿಲವಾಗಿ ಜೋಲುತ್ತದೆ. ಆಗ ಮಿಷನ್ನಿನ ನಾಲ್ಕು ಬೆರಳುಗಳು ಬಂದು ಆ ಸಡಿಲವನ್ನು ನಾಲ್ಕು ಕಡೆ ನೆರಿಗೆ ಹಿಡಿದು ಒತ್ತುತ್ತವೆ. ಎರಡು ನೆರಿಗೆಗಳ ನಡುವೆ ಉಳಿಯುವುದು ಎರಡು ಬೆರಳಗಲದ ಜಾಗ. ಚಿಕ್ಕವರು ಕೇಳಿದ ಮುಖ ನಾಲ್ಕು ಬೆರಳಗಲ. ನಾನು ಆ ಫೋಟೋವನ್ನು ಅದೇ ಅಳತೆಗೆ ಕಾಗದದಲ್ಲಿ ತೆಗೆದು, ಬಾಟಲಿಗೆ ಸುತ್ತಿ, ನೆರಿಗೆ ಹಿಡಿದು ತೋರಿಸಿದೆ. ಒಂದು ನೆರಿಗೆ ಮೂಗಿನ ಪಕ್ಕದಲ್ಲೇ ಬಿದ್ದು ಅರ್ಧ ಕಣ್ಣನ್ನು ನುಂಗಿತು. ಮುಖ ಚಿಕ್ಕದು ಮಾಡಿದರೆ ಸರಿಯಾಗುತ್ತದೆ ಎಂದೆ. ಚಿಕ್ಕವರು ತಮ್ಮ ಫೋನ್ ನೋಡುತ್ತಿದ್ದರು.

"ಅದು ಕಾಗದ, ಇದು ಫಾಯಿಲ್," ಎಂದರು ತಲೆ ಎತ್ತದೆ. "ನೆರಿಗೆ ಎಲ್ಲಿ ಬರುತ್ತೆ ಅಂತ ಹೇಳೋಕಲ್ಲ ನೀವಿರೋದು. ಬರದ ಹಾಗೆ ಮಾಡೋಕೆ."

ಭಾವ ಅವರ ಹಿಂದೆ ನಿಂತು ನನಗೆ ಕಣ್ಣುಸನ್ನೆ ಮಾಡುತ್ತಿದ್ದರು. ನಾನು ಆಗಲಿ ಎಂದೆ. ಇಂಥವರ ಜೊತೆ ಬಾಯಿ ನೋಯಿಸಿಕೊಳ್ಳುವುದು ನನಗೆ ಎಂದೂ ಆಗಿಬಂದದ್ದಲ್ಲ. ಕೇಳಿದ್ದನ್ನು ಕೇಳಿದ ಹಾಗೆಯೇ ಮಾಡಿಕೊಟ್ಟರೆ, ಅವರ ದಡ್ಡತನ ಅವರ ಕೈಗೇ ಸಿಗುತ್ತದೆ. ಆ ಮುಖವನ್ನು ನಾನು ಬಹಳ ಶ್ರದ್ಧೆಯಿಂದ ಬರೆದೆ. ಹುಬ್ಬಿನ ಒಂದೊಂದು ಕೂದಲೂ ಎದ್ದು ಕಾಣುವಂತೆ ಉಬ್ಬಚ್ಚು ಹಾಕಿಸಿದೆ. ಕೆಡುವುದೇ ಆದರೆ ಚೆನ್ನಾಗಿ ಕೆಡಲಿ ಎಂಬುದು ನನ್ನ ಆಸೆ.

ಫಾಯಿಲ್ ಕಳಿಸಿದ ಒಂದು ವಾರಕ್ಕೆ ಆ ವೈನ್ ಕಾರ್ಖಾನೆಯಿಂದ ನೆರಿಗೆ ಮೇಷ್ಟ್ರ ಫೋನ್ ಬಂತು. ಫಾಯಿಲ್ ತೊಡಿಸುವ ಮಿಷನ್ ನೋಡಿಕೊಳ್ಳುವವರು ಅವರು. ಮೂವತ್ತು ವರ್ಷದಿಂದ ಅಲ್ಲಿದ್ದಾರೆ. ಯಾರ ಕೆಲಸದಲ್ಲಿ ಸುಕ್ಕು ಕಂಡರೂ ತಿದ್ದದೆ ಬಿಡುವುದಿಲ್ಲವಾದ್ದರಿಂದ ಆ ಹೆಸರು. ದೊಡ್ಡವರ ಮುಖ ಸರಿಯಾಗಿ ಬರುತ್ತಿಲ್ಲ, ಒಮ್ಮೆ ಬಂದು ನೋಡುತ್ತೀರಾ ಎಂದು ಕೇಳಿದರು. ನಾನು ಬರೆದದ್ದು ಫೋಟೋದಲ್ಲಿದ್ದ ಹಾಗೆಯೇ ಇದೆ, ಉಳಿದದ್ದು ನಿಮ್ಮ ಮಿಷನ್ನಿನ ಪಾಡು ಎಂದೆ. ಮರುದಿನ ಮತ್ತೆ ಫೋನ್.

"ದೊಡ್ಡವರ ಮುಖ ಹೀಗೆ ಬರಬಾರದು ಮೇಡಂ," ಎಂದರು. ಇನ್ನೇನೋ ಹೇಳಲು ಹೊರಟು ತಡವರಿಸಿ ನಿಲ್ಲಿಸಿದರು.

ಬರೋದೇ ಹಾಗೆ ಮೇಷ್ಟ್ರೇ, ನಿಮ್ಮ ಚಿಕ್ಕವರು ಕೇಳಿದ್ದೇ ಅದು, ತೊಡಿಸಿಬಿಡಿ ಎಂದು ಹೇಳಿ ಫೋನಿಟ್ಟೆ. ಅಲ್ಲಿಗೆ ಹೋಗಲು ಬಸ್ಸಿನಲ್ಲಿ ನಲವತ್ತು ನಿಮಿಷ ಸಾಕು. ಆದರೂ ಹೋಗಲಿಲ್ಲ.

ಸಮಾರಂಭ ಮಧ್ಯಾಹ್ನ ಹನ್ನೆರಡಕ್ಕೆ, ಅವರದೇ ಸಭಾಂಗಣದಲ್ಲಿ. ಭಾವ ಹೊಸ ಕೋಟು ಹೊಲಿಸಿಕೊಂಡಿದ್ದರು. ಅದರಲ್ಲಿ ಅವರು ಬಿರಡೆ ಬಿಗಿದ ಬಾಟಲಿಯಂತೆಯೇ ಕಾಣುತ್ತಿದ್ದರು. ಅಕ್ಕ ಅದನ್ನು ಹೇಳಿ ಬೈಸಿಕೊಂಡಳು. ಸಭೆಯಲ್ಲಿ ಐವತ್ತು ಮೇಜು, ಮೇಜಿಗೆ ನಾಲ್ಕು ಬಾಟಲಿ, ಸುತ್ತ ಕೂತವರಲ್ಲಿ ಅರ್ಧಕ್ಕರ್ಧ ಅವರ ನಂಟರಿಷ್ಟರು. ಗ್ಲಾಸಿನೊಳಗೆ ಮೂಗು ಇಳಿಸಿ ಕಣ್ಣುಮುಚ್ಚುವ ಜನ, ಬಾಯಲ್ಲಿ ವೈನನ್ನು ಮುಕ್ಕಳಿಸಿ ಅದರಲ್ಲಿ ಒದ್ದೆ ಕಲ್ಲಿನ ರುಚಿ ಇದೆ ಎನ್ನುವ ಜನ. ಒದ್ದೆ ಕಲ್ಲನ್ನು ಇವರು ಯಾವಾಗ ನೆಕ್ಕಿದ್ದರೋ. ನಾನು ನಮ್ಮ ಮೇಜಿನ ಬಾಟಲಿಯನ್ನು ತಿರುಗಿಸಿ ನೋಡಿದೆ. ಅಂದುಕೊಂಡದ್ದಕ್ಕಿಂತ ಚೆನ್ನಾಗಿ ಕೆಟ್ಟಿತ್ತು. ನೆರಿಗೆ ಎಡಗಣ್ಣನ್ನು ಅರ್ಧ ಮುಚ್ಚಿ, ಬಾಯಿಯ ಆ ತುದಿಯನ್ನು ಕೆಳಕ್ಕೆ ಸೊಟ್ಟಗೆ ಎಳೆದಿತ್ತು. ಇನ್ನೂರು ಬಾಟಲಿ, ಇನ್ನೂರು ಸೊಟ್ಟ ಮುಖ. ನನಗೆ ಒಳಗೊಳಗೇ ಹಾಲು ಕುಡಿದಷ್ಟು ಸಂತೋಷವಾಯಿತು. ಚಿಕ್ಕವರು ದೂರದ ಮೇಜಿನ ಬಳಿ ಬೆವರು ಒರೆಸಿಕೊಳ್ಳುತ್ತಿದ್ದುದನ್ನು ನೋಡಿ ಇನ್ನಷ್ಟು ಹಿಗ್ಗಿದೆ.

ಆಮೇಲೆ ಒಂದು ವಿಷಯ ಗಮನಕ್ಕೆ ಬಂತು. ಪಕ್ಕದ ಮೇಜಿನಲ್ಲಿ ಒಬ್ಬ ಹೆಂಗಸು ತನ್ನೆದುರಿನ ಬಾಟಲಿಯನ್ನು ಮುಖ ಕಾಣದ ಹಾಗೆ ಮೆಲ್ಲಗೆ ತಿರುಗಿಸಿ ಇಟ್ಟಳು. ಆಚೆ ಮೇಜಿನವರೂ ಹಾಗೆಯೇ ಮಾಡಿದರು. ಯಾರೂ ನಗುತ್ತಿರಲಿಲ್ಲ. ಒಬ್ಬರ ಮುಖ ಒಬ್ಬರು ನೋಡದೆ, ಸಭೆಯ ತುಂಬ ಜನ ಬಾಟಲಿಗಳ ಬೆನ್ನನ್ನು ಮುಂದಕ್ಕೆ ತಿರುಗಿಸುತ್ತಿದ್ದರು.

ಅಷ್ಟರಲ್ಲಿ ಬಾಗಿಲು ತೆರೆದು, ಸೊಸೆಯ ತೋಳು ಹಿಡಿದುಕೊಂಡು ದೊಡ್ಡವರು ಒಳಗೆ ಬಂದರು. ಅವರ ಎಡಗಣ್ಣಿನ ರೆಪ್ಪೆ ಅರ್ಧ ಇಳಿದಿತ್ತು. ಬಾಯಿಯ ಆ ತುದಿ ಸೊಟ್ಟಗೆ ಕೆಳಕ್ಕೆ ಎಳೆದುಕೊಂಡಿತ್ತು. ಲಕ್ವ ಹೊಡೆದು ಎರಡು ವರ್ಷವಾಗಿತ್ತಂತೆ. ಊರಿಗೆ ಗೊತ್ತಾಗದಿರಲಿ ಎಂದು ಮಗ ಮುಚ್ಚಿಟ್ಟಿದ್ದರಂತೆ. ಮನೆಯವರಿಗೂ ನಂಟರಿಷ್ಟರಿಗೂ ಕಾರ್ಖಾನೆಯ ಕೆಲವರಿಗೂ ಮಾತ್ರ ಗೊತ್ತಿತ್ತಂತೆ. ಅವತ್ತು ಬಂದೇ ಬರುತ್ತೇನೆಂದು ದೊಡ್ಡವರೇ ಹಠ ಹಿಡಿದಿದ್ದರಂತೆ. ಇದನ್ನೆಲ್ಲ ಅಕ್ಕ ಆಮೇಲೆ ಯಾರಿಂದಲೋ ಕೇಳಿಕೊಂಡು ಬಂದು ಹೇಳಿದಳು. ಆ ಹೊತ್ತಿಗೆ ನನಗೆ ಯಾರೂ ಹೇಳಬೇಕಾಗಿರಲಿಲ್ಲ. ನೆರಿಗೆ ಮೇಷ್ಟ್ರು ಫೋನಿನಲ್ಲಿ ನುಂಗಿಕೊಂಡ ಮಾತು ಯಾವುದೆಂದು ತಿಳಿಯಿತು. ಕುಡಿದ ಹಾಲೆಲ್ಲ ಒಡೆದುಹೋಯಿತು.

ದೊಡ್ಡವರು ಮೊದಲ ಮೇಜಿನ ಬಳಿ ಕೂತರು. ಬೆನ್ನು ತಿರುಗಿಸಿದ್ದ ಬಾಟಲಿಯೊಂದನ್ನು ತೆಗೆದು ತಮ್ಮ ಕಡೆಗೆ ತಿರುಗಿಸಿಕೊಂಡು ಬಹಳ ಹೊತ್ತು ನೋಡಿದರು. ಚಿಕ್ಕವರು ಓಡಿಹೋಗಿ, ಇದು ಕೆಲಸದವರ ತಪ್ಪು ಎಂದು ವಿವರಿಸತೊಡಗಿದರು. ಅಷ್ಟಕ್ಕೇ ಬಿಡಲಿಲ್ಲ, ಬಾಟಲಿ ತುಂಬುವ ಕೋಣೆಯಿಂದ ನೆರಿಗೆ ಮೇಷ್ಟ್ರನ್ನು ಕರೆಸಿದರು. ಅವರು ರಬ್ಬರ್ ಬೂಟು, ಒದ್ದೆ ಏಪ್ರನ್ನಿನಲ್ಲೇ ಬಂದು ಅಷ್ಟು ಜನರ ನಡುವೆ ನಿಂತರು.

"ಮೂವತ್ತು ವರ್ಷದಿಂದ ಒಂದು ನೆರಿಗೆ ಹಿಡಿಯೋಕೆ ಬರಲ್ಲ ನಿನಗೆ," ಎಂದರು ಚಿಕ್ಕವರು. "ನಾಳೆಯಿಂದ ಬರಬೇಡ."

ಮೇಷ್ಟ್ರು ನನ್ನನ್ನು ಒಮ್ಮೆ ನೋಡಿ, ನೋಡಲೇ ಇಲ್ಲವೆಂಬಂತೆ ಬೂಟಿನ ಕಡೆ ಕಣ್ಣು ಇಳಿಸಿದರು. ಮೇಜಿನ ಕೆಳಗೆ ಭಾವ ನನ್ನ ಪಾದವನ್ನು ಜೋರಾಗಿ ತುಳಿದರು. ಆ ಬೂಟೂ ಹೊಸದೇ. ನಾನು ಅದರ ಕೆಳಗಿಂದ ಕಾಲು ಎಳೆದುಕೊಂಡು ಎದ್ದು ಹೋದೆ.

"ಮೇಷ್ಟ್ರ ತಪ್ಪಿಲ್ಲ," ಎಂದೆ. "ಆ ಮುಖ ಬರೆದಿದ್ದು ನಾನು."

ದೊಡ್ಡವರು ನನ್ನ ಕಡೆ ತಿರುಗಿದರು. ಮಾತು ಒಂದೊಂದಾಗಿ, ತಡವಾಗಿ ಬರುತ್ತಿತ್ತು, ಆದರೆ ಸ್ಪಷ್ಟವಾಗಿತ್ತು.

"ಹೀಗಾಗುತ್ತೆ ಅಂತ ಗೊತ್ತಿತ್ತಾ?"

"ಗೊತ್ತಿತ್ತು."

"ನನ್ನ ಬಾಯಿ ಹೀಗಿದೆ ಅಂತ?"

"ಅದು ಗೊತ್ತಿರಲಿಲ್ಲ. ನೆರಿಗೆ ಮುಖದ ಮೇಲೆ ಬೀಳುತ್ತೆ ಅಂತ ಗೊತ್ತಿತ್ತು. ನಿಮ್ಮ ಮಗನಿಗೆ ಹೇಳಿದೆ, ಕೇಳಲಿಲ್ಲ."

"ಎಷ್ಟು ಸಲ ಹೇಳಿದೆ?"

"ಒಂದು ಸಲ."

"ಅವನು ದಡ್ಡ," ಎಂದರು ದೊಡ್ಡವರು. ಚಿಕ್ಕವರು ಪಕ್ಕದಲ್ಲೇ ನಿಂತಿದ್ದರು. "ಅದು ಅವನು ಹುಟ್ಟಿದಾಗಿನಿಂದ ನನಗೆ ಗೊತ್ತು. ನಿನಗೇನಾಗಿತ್ತು?"

ಕೆಲಸಕ್ಕೆ ಸೇರಿದಾಗಿನಿಂದ ನಾನು ಭಾವನನ್ನು, ಗಿರಾಕಿಗಳನ್ನು, ವೈನ್ ಕುಡಿಯುವವರನ್ನು ಯಾವ ಕಣ್ಣಿನಿಂದ ನೋಡಿದ್ದೆನೋ, ಆ ಮುದುಕರು ಪೂರ್ತಿ ತೆರೆದಿದ್ದ ಒಂದೇ ಕಣ್ಣಿನಿಂದ ನನ್ನನ್ನು ಹಾಗೆ ನೋಡಿದರು. ನನಗೂ ಅವರಿಗೂ ಇದ್ದ ವ್ಯತ್ಯಾಸವೆಂದರೆ ಅವರ ಕಡೆ ನ್ಯಾಯವಿತ್ತು. ಆಮೇಲೆ ಅವರು ಮೇಷ್ಟ್ರನ್ನು ಹತ್ತಿರ ಕರೆದು, ಕೆಲಸಕ್ಕೆ ಎಂದಿನಂತೆ ಬಾ ಎಂದರು. ಉಗ್ರಾಣದಲ್ಲಿದ್ದ ಸಾವಿರ ಬಾಟಲಿಗಳ ಫಾಯಿಲ್ ಬಿಚ್ಚಿಸಿ ಬರೀ ಬೆಳ್ಳಿ ಬಣ್ಣದ್ದು ತೊಡಿಸಬೇಕು, ಅದರ ಮೇಲೆ ಒಂದು ಅಕ್ಷರವೂ ಬೇಡ. ತೊಡಿಸುವವಳು ಇವಳು, ಮಿಷನ್ನಿನಲ್ಲಿ ಅಲ್ಲ, ಕೈಯಲ್ಲಿ. ಸರಿಯಿದೆಯೋ ಇಲ್ಲವೋ ನೋಡುವವನು ನೀನು ಎಂದರು. ತಾವು ಕೆಲಸ ಶುರುಮಾಡಿದ ಕಾಲದಲ್ಲಿ ಎಲ್ಲವನ್ನೂ ಕೈಯಲ್ಲೇ ತೊಡಿಸುತ್ತಿದ್ದರಂತೆ. ಇಷ್ಟು ಹೇಳಿ, ಒಂದು ಗುಟುಕೂ ಕುಡಿಯದೆ ಎದ್ದು ಹೋದರು.

ಭಾವ ಮನೆ ತಲುಪುವವರೆಗೂ ಬೈದರು. ಅಕ್ಕ ಮಾತ್ರ, ಹೋಗಿ ಮಾಡಿಬಿಡು ಪುಟ್ಟಿ ಎಂದಳು. ನಲವತ್ತೈದು ದಾಟಿದ ಪುಟ್ಟಿ ಮರುದಿನ ಬೆಳಿಗ್ಗೆ ಬಸ್ಸು ಹತ್ತಿದಳು.

ಬಾಟಲಿ ತುಂಬುವ ಕೋಣೆ ತಣ್ಣಗಿತ್ತು, ನೆಲ ಯಾವಾಗಲೂ ಒದ್ದೆ. ಒಂದು ಉದ್ದ ಮೇಜಿನ ಈ ತುದಿಯಲ್ಲಿ ನಾನು, ಆ ತುದಿಯಲ್ಲಿ ಮೇಷ್ಟ್ರು. ಬಿಚ್ಚಿದ ಮುಖಗಳನ್ನು ಗೋಣಿಚೀಲಕ್ಕೆ ತುಂಬುವುದು, ಬೆಳ್ಳಿಯ ಟೊಪ್ಪಿಗೆ ಇಳಿಸುವುದು, ಹೆಬ್ಬೆರಳಿನಿಂದ ನಾಲ್ಕು ನೆರಿಗೆ ಹಿಡಿದು, ಬಟ್ಟೆಯಿಂದ ಉಜ್ಜಿ ಕೂರಿಸುವುದು. ನಾನು ಸಾವಿರಾರು ಫಾಯಿಲ್ ಬರೆದಿದ್ದೆ, ಒಂದನ್ನೂ ನನ್ನ ಕೈಯಿಂದ ನಿಜವಾಗಿ ತೊಡಿಸಿರಲಿಲ್ಲ. ಮೊದಲ ದಿನ ಮೂವತ್ತೆಂಟು ಬಾಟಲಿ ಮಾಡಿದೆ. ಇಪ್ಪತ್ತೊಂಬತ್ತನ್ನು ಮೇಷ್ಟ್ರು ಮಾತಿಲ್ಲದೆ ಕಿತ್ತು ಹಿಂದಕ್ಕೆ ತಳ್ಳಿದರು. ಹೆಬ್ಬೆರಳಿನ ಚರ್ಮ ಕೊಯ್ದುಹೋಯಿತು. ಬಟ್ಟೆ ಸುತ್ತಿಕೊಳ್ಳಿ, ಫಾಯಿಲ್‌ಗೆ ರಕ್ತ ತಾಗಬಾರದು ಎಂದರು. ಆ ದಿನ ಅವರು ಆಡಿದ್ದು ಅದೊಂದೇ ಮಾತು.

ಆರನೆಯ ದಿನ ಚಿಕ್ಕವರು ಯಾರೋ ನಾಲ್ಕು ಜನ ಅತಿಥಿಗಳನ್ನು ಕರೆತಂದರು. ಫಾಯಿಲನ್ನು ಕೈಯಿಂದ ತೊಡಿಸುವುದು ತಮ್ಮ ಮನೆತನದ ಹಳೆಯ ಪದ್ಧತಿ, ಈ ವಿಶೇಷ ವೈನಿಗೆ ಅದನ್ನು ತಾವೇ ಯೋಚಿಸಿ ಮತ್ತೆ ತಂದದ್ದು, ಅಲಂಕಾರ ಜಾಸ್ತಿಯಾದರೆ ತಮಗೆ ಹಿಡಿಸುವುದಿಲ್ಲ ಎಂದು ವಿವರಿಸಿದರು. ನನ್ನ ಕಡೆ ಕೈತೋರಿಸಿ, ಇವರು ನಮ್ಮಲ್ಲಿ ಬಹಳ ನುರಿತವರು ಎಂದರು. ಅತಿಥಿಗಳು ನನ್ನ ಬಟ್ಟೆ ಸುತ್ತಿದ ಹೆಬ್ಬೆರಳಿನ ಫೋಟೋ ತೆಗೆದುಕೊಂಡರು. ನಾನು ತಲೆ ತಗ್ಗಿಸಿಕೊಂಡು ನೆರಿಗೆ ಹಿಡಿದೆ. ಆ ಮನುಷ್ಯನ ಬಗ್ಗೆ ನನಗಿದ್ದ ಅಭಿಪ್ರಾಯ ಬದಲಾಗಲು ಅವರು ಇವತ್ತಿನವರೆಗೂ ಕಾರಣ ಕೊಟ್ಟಿಲ್ಲ.

ಕೊನೆಯ ದಿನ, ಬಾಟಲಿಗಳೆಲ್ಲ ಪೆಟ್ಟಿಗೆ ಸೇರಿದ ಮೇಲೆ, ಎರಡು ಸಲ ಫೋನ್ ಮಾಡಿದ್ದನ್ನು ಅವತ್ತು ಸಭೆಯಲ್ಲಿ ಯಾಕೆ ಹೇಳಲಿಲ್ಲ ಎಂದು ಮೇಷ್ಟ್ರನ್ನು ಕೇಳಿದೆ. ಅವರು ಮೇಜು ಒರೆಸುತ್ತಿದ್ದರು.

"ಹೇಳಿದ್ರೆ ಏನಾಗ್ತಿತ್ತು? ನನ್ನ ಜೊತೆ ನಿಮಗೂ ಬೈಗುಳ," ಎಂದರು. ಬಟ್ಟೆ ಹಿಂಡಿ ಮೊಳೆಗೆ ನೇತುಹಾಕಿದ ಮೇಲೆ ಇನ್ನೊಂದು ಮಾತು ಸೇರಿಸಿದರು. "ನೀವು ಬರ್ತೀರ ಅಂತ ಮೂರು ದಿನ ಮಿಷನ್ ನಿಲ್ಲಿಸಿದ್ದೆ ಮೇಡಂ."

ನಾನು ಕ್ಷಮೆ ಕೇಳಿದೆ. ಅವರು ದೀಪಗಳನ್ನು ಒಂದೊಂದಾಗಿ ಆರಿಸುತ್ತಾ ಹೋದರು.

ದೊಡ್ಡವರು ಮುಂದಿನ ವರ್ಷ ತೀರಿಕೊಂಡರು. ಆ ಮನೆತನ ಈಗಲೂ ನಮ್ಮ ಗಿರಾಕಿ. ಭಾವ ಈಗಲೂ ಎದ್ದು ನಿಂತೇ ಫೋನಿನಲ್ಲಿ ಮಾತಾಡುತ್ತಾರೆ. ಹೊಸ ಫಾಯಿಲ್ ಮೊದಲ ಸಲ ಮಿಷನ್ನಿಗೆ ಏರುವ ದಿನ ನಾನು ಅಲ್ಲಿರುತ್ತೇನೆ. ಮೇಷ್ಟ್ರು ಮೊದಲ ಬಾಟಲಿಯನ್ನು ನನ್ನ ಕೈಗೆ ಕೊಡುತ್ತಾರೆ. ನಾನು ಸುತ್ತಲೂ ತಿರುಗಿಸಿ ನೋಡಿ, ತಪ್ಪಿದ್ದರೆ ತಪ್ಪು ಎನ್ನುತ್ತೇನೆ. ಅವರು ಮಿಷನ್ ನಿಲ್ಲಿಸುತ್ತಾರೆ. ಅದಕ್ಕಿಂತ ಹೆಚ್ಚಿನ ಮಾತುಕತೆ ನಮ್ಮಿಬ್ಬರ ನಡುವೆ ಇಲ್ಲ.