ಎಡಗಾಲಿಯ ಹಿಂದಿನ ಪೈಪು

ಸ್ಟಿಯರಿಂಗು ಎಡಕ್ಕೆ ತಿರುಗಿತು, ವಾಪಸು ಬರಲಿಲ್ಲ. ಕಮಲಾಪುರ ದಾಟಿದ ಮೇಲಿನ ಇಳಿಜಾರು, ಮಳೆ ಆಗಷ್ಟೇ ನಿಂತ ರಸ್ತೆ, ವ್ಯಾನಿನೊಳಗೆ ಹನ್ನೆರಡು ಶಾಲೆ ಮಕ್ಕಳು. ಚಂದ್ರಶಾ ಎರಡೂ ಕೈ ಹಾಕಿ ಜಗ್ಗಿದ. ಗಾಲಿ ರಸ್ತೆಯಂಚಿನ ಕೆಸರಿಗೆ ಇಳಿಯುವಷ್ಟರಲ್ಲಿ ಒಳಗೆಲ್ಲೋ ‘ಕಟ್’ ಎಂದು ಸದ್ದಾಗಿ ಸ್ಟಿಯರಿಂಗು ಬಿಟ್ಟುಕೊಂಡಿತು. ಎರಡು ಉಸಿರಿನಷ್ಟು ಹೊತ್ತು, ಅಷ್ಟೇ. ಹಿಂದೆ ಮಕ್ಕಳು ಕಿಟಕಿ ಯಾರದೆಂದು ಜಗಳಾಡುತ್ತಲೇ ಇದ್ದರು.

“ಅಪ್ಪಾ, ಯಾಕ ಬೆವರಾಕತ್ತಿ?” ಪಕ್ಕದ ಸೀಟಿನಿಂದ ರಾಧಿಕಾ ಕೇಳಿದಳು. ಮೂರನೇ ಈಯತ್ತೆಯ ಮಗಳು. ಆ ಮುಂದಿನ ಸೀಟು ಅವಳ ಜಹಗೀರು.

“ಝಳ ಅದವ್ವಾ,” ಎಂದ ಚಂದ್ರಶಾ. ಕಲಬುರಗಿ ಮುಟ್ಟುವವರೆಗೂ ಎರಡನೇ ಗೇರಿಗಿಂತ ಮೇಲೆ ಹಾಕಲಿಲ್ಲ.

ಒಂಬತ್ತು ವರ್ಷ ಆ ದಾರಿಯಲ್ಲಿ ವ್ಯಾನು ಓಡಿಸಿದವನು ಅವನು. ಯಾರ ಮಗುವಿಗೂ ಒಂದು ಗೀರು ಬಿದ್ದಿರಲಿಲ್ಲ. ಕಮಲಾಪುರದ ತಾಯಂದಿರು ತಮ್ಮ ಗಂಡಂದಿರನ್ನು ನಂಬದಿದ್ದರೂ ಚಂದ್ರಶಾನನ್ನು ನಂಬುತ್ತಿದ್ದರು. ಆ ನಂಬಿಕೆಯೇ ಅವನ ಬಾಯಿಗೆ ಬೀಗ ಹಾಕಿತು. ಯಾರಿಗೂ ಹೇಳಲಿಲ್ಲ, ಹೆಂಡತಿ ಅನ್ನಮ್ಮನಿಗೂ ಹೇಳಲಿಲ್ಲ. ಅವಳು ಮೊದಲೇ ಅಂಜುಬುರುಕಿ ಎಂಬುದು ಅವನ ಲೆಕ್ಕ. ಹಿಂದೆಲ್ಲ ಪ್ರತಿ ಅಮಾವಾಸ್ಯೆಗೆ ವ್ಯಾನಿನ ಮುಂದುಗಡೆ ಲಿಂಬೆಹಣ್ಣು, ಮೆಣಸಿನಕಾಯಿ, ಒಂದು ಹಳೇ ಚಪ್ಪಲಿ ಕಟ್ಟುತ್ತಿದ್ದಳು. ಈ ವರ್ಷ ಶಾಲೆ ಶುರುವಾದಾಗ, ಮಕ್ಕಳ ಗಾಡಿಗೆ ಇಂಥವೆಲ್ಲ ಬೇಡ ಎಂದು ಶಾಲೆಯವರು ಅಂದರು. ಚಂದ್ರಶಾ ಬಿಚ್ಚಿ ಎಸೆದ. ಅನ್ನಮ್ಮ ಏನೂ ಅನ್ನಲಿಲ್ಲ. ಹೆಂಡತಿ ಏನೂ ಅನ್ನದಿದ್ದಾಗಲೇ ಗಂಡನಾದವನು ಹೆದರಬೇಕು. ಇವನು ಹೆದರಲಿಲ್ಲ.

ಮೂರು ದಿನ ಹಾಗೇ ಓಡಿಸಿದ. ಪ್ರತಿ ತಿರುವಿನಲ್ಲೂ ಜೀವ ಬಾಯಿಗೆ ಬರುತ್ತಿತ್ತು. ಉಣ್ಣಲು ಕೂತರೆ ಅರ್ಧ ರೊಟ್ಟಿ ತಟ್ಟೆಯಲ್ಲೇ ಉಳಿಯುತ್ತಿತ್ತು. ಅನ್ನಮ್ಮ ನೀರಿನ ಚೊಂಬು ಮುಂದಿಟ್ಟು ಅವನ ಮುಖವನ್ನೇ ನೋಡುತ್ತ ಕೂರುತ್ತಿದ್ದಳು. ನಾಲ್ಕನೇ ದಿನ ಮತ್ತೆ ಸ್ಟಿಯರಿಂಗು ಹಿಡಿದುಕೊಂಡಿತು. ಅವತ್ತು ಮಕ್ಕಳನ್ನು ಶಾಲೆಗೆ ಬಿಟ್ಟವನೇ ನೇರವಾಗಿ ನಂದೂರಿಗೆ ಹೋದ. ಅಲ್ಲಿ ಬೇಳೆ ಮಿಲ್ಲುಗಳ ಸಾಲಿನಲ್ಲಿ ಕರೀಂಸಾಬರ ಗ್ಯಾರೇಜು.

ಕರೀಂಸಾಬರು ಜಾಕ್ ಹಾಕಿ ಎಡಗಡೆಯ ಮುಂದಿನ ಗಾಲಿ ಬಿಚ್ಚಿದರು. ಬ್ಯಾಟರಿ ಬೆಳಕು ಬಿಟ್ಟು ಒಳಗೆ ನೋಡಿ, “ಯಾ ಅಲ್ಲಾ,” ಎಂದರು.

“ಏನಾಗ್ಯದ ಚಾಚಾ?”

“ಇಲ್ಲಿ ಬಾ. ಸ್ಟೇರಿಂಗ್ ತಿರುವಿದಾಗ ಇದ್ರೊಳಗ ಕಬ್ಬಿಣದ ಕೋಲು ಆಚೀಚೆ ಸರೀತದ. ಎರಡೂ ತುದೀಗಿ ಈ ರಬ್ಬರ್ ಬೂಟ್. ಒಂದು ಕುಗ್ಗಿದ್ರ ಇನ್ನೊಂದು ಹಿಗ್ಗತದ. ಇದರ ಗಾಳಿ ಅದಕ್ಕ ಹೋಗ್ಲಿಕ್ಕ ನಡುವ ಈ ಸಣ್ಣ ಪೈಪು. ನೋಡು, ಈ ಕಡಿ ಬಿಚ್ಚಿ ಜೋತು ಬಿದ್ದದ.”

ಚಂದ್ರಶಾ ಬಗ್ಗಿ ನೋಡಿದ. ಬೆರಳಿನಷ್ಟು ದಪ್ಪದ ಪೈಪು. ಅದರ ಪಕ್ಕದಲ್ಲಿ ಹಲ್ಲಿಲ್ಲದ ಮುದುಕಿಯ ಗಲ್ಲದಂತೆ ಒಳಗೆ ಎಳೆದುಕೊಂಡ ರಬ್ಬರು.

“ಇಷ್ಟಕ್ಕ?”

“ಇಷ್ಟಕ್ಕ ಅಂತಿ! ಆ ತೂತಿನಿಂದ ಮಳಿ ನೀರು, ಕೆಸರು ಒಳಗ ಹೊಕ್ಕು, ಗ್ರೀಸ್ ತೊಳದು, ಕೋಲಿಗೆ ಜಂಗು ಹಿಡದದ. ಜಂಗು ಹಿಡದಲ್ಲಿ ಸ್ಟೇರಿಂಗ್ ಸಿಕ್ಕೊಳ್ಳತದ.” ಕರೀಂಸಾಬರು ಜಂಗು ಉಜ್ಜಿ ತೆಗೆದು, ಹೊಸ ಗ್ರೀಸು ತುಂಬಿ, ಪೈಪನ್ನು ಬೂಟಿನ ಮೂತಿಗೆ ಒತ್ತಿ ಕೂರಿಸಿ ಕ್ಲಿಪ್ಪು ಹಾಕಿದರು. ಆಮೇಲೆ ಕೈ ಒರೆಸಿಕೊಳ್ಳುತ್ತ ಅಂದರು: “ಇದು ಸಡಲಾಗಿ ತಾನ ಬಿದ್ದದ್ದಲ್ಲ. ಏನೋ ಜಗ್ಗೇದ. ಕಲ್ಲೋ, ಕಡ್ಡೀನೋ. ಒಳಗ ಇನ್ನಾ ಜಂಗು ಉಳದದ, ಈ ಕೋಲಿನ ಪೂರಾ ಸೆಟ್ಟು, ಹೊಸಾ ರ‍್ಯಾಕ್ ಹೈದರಾಬಾದಿನಿಂದ ತರಸ್ತೀನಿ. ಒಂದು ವಾರ ಬೇಕು. ಅಲ್ಲೀತನ ದಿನಾ ಮುಂಜಾನಿ ಈ ಪೈಪು ಕೈಲೆ ಹಿಡದು ನೋಡು. ಬಿಚ್ಚಿತ್ತಂದ್ರ ಒಂದು ಮಗೂನ್ನೂ ಹತ್ತಿಸಬ್ಯಾಡ. ಕೇಳಸ್ತೇನು?”

“ಕೇಳಸ್ತು ಚಾಚಾ.”

ಮೂರು ಮುಂಜಾನೆ ಹೇಳಿದಂತೆಯೇ ಮಾಡಿದ. ಮಕ್ಕಳು ಬರುವ ಮೊದಲು ಎಡಗಾಲಿಯ ಹಿಂದೆ ಕೈಹಾಕಿ ಪೈಪು ಮುಟ್ಟುತ್ತಿದ್ದ, ಗಟ್ಟಿಯಾಗಿತ್ತು. ಮಂಗಳವಾರ ಜೋರು ಮಳೆ. ಚಂದ್ರಶಾ ಗಾಲಿಯ ಹತ್ತಿರ ಹೋಗಿ ನಿಂತ, ಬಗ್ಗಲಿಲ್ಲ. ಮಳೆಯ ನೆಪ ಇತ್ತು. ನಿಜ ಹೇಳಬೇಕೆಂದರೆ ಅವನಿಗೆ ಮುಟ್ಟಲು ಭಯವಾಗಿತ್ತು. ಬಿಚ್ಚಿದ್ದರೆ? ಬಿಚ್ಚಿದ್ದು ಗೊತ್ತಾದರೆ ಮಕ್ಕಳನ್ನು ಇಳಿಸಬೇಕು, ಮನೆ ಮನೆಗೆ ಹೇಳಬೇಕು, ಇಷ್ಟು ದಿನ ಯಾಕೆ ಹೇಳಲಿಲ್ಲ ಎಂಬುದಕ್ಕೆ ಉತ್ತರ ಕೊಡಬೇಕು. ಮುಟ್ಟದಿದ್ದರೆ ಏನೂ ಗೊತ್ತಾಗುವುದಿಲ್ಲ. ಬುಧವಾರವೂ ಹಾಗೇ ಮಾಡಿದ. ಇಂಥ ಜಾಣತನ ದೊಡ್ಡವರಿಗೇ ಹೊಳೆಯುವುದು.

ಗುರುವಾರವೂ ಮುಟ್ಟಲಿಲ್ಲ. ಊರು ಬಿಡುವಾಗಲೇ ಸ್ಟಿಯರಿಂಗು ಭಾರ ಅನ್ನಿಸಿತು. ‘ಮಕ್ಕಳಿಗೆ ಇವತ್ತು ಪರೀಕ್ಷೆ, ಇದೊಂದು ದಿನ ಕಳೆದರೆ ಸಾಕು’ ಅಂದುಕೊಂಡು ಮುಂದೆ ಹೋದ.

ಮಹಾಗಾಂವದ ಹತ್ತಿರ ಒಂದು ಸಣ್ಣ ಸೇತುವೆ ಇದೆ. ಅದಕ್ಕೆ ಹೆಸರಿಗಷ್ಟೇ ಅಂಚುಕಲ್ಲು. ಕೆಳಗೆ ಹಳ್ಳ ಕೆಂಪಗೆ ತುಂಬಿ ಹರಿಯುತ್ತಿತ್ತು. ಎದುರಿನಿಂದ ಟ್ರ್ಯಾಕ್ಟರು ಬಂತು. ಚಂದ್ರಶಾ ಅದಕ್ಕೆ ದಾರಿ ಕೊಡಲು ಎಡಕ್ಕೆ ತಿರುಗಿಸಿದ, ಮತ್ತೆ ಬಲಕ್ಕೆ ಎಳೆದ. ಸ್ಟಿಯರಿಂಗು ಅಲುಗಲಿಲ್ಲ. ಮೈಯ ಬಲವನ್ನೆಲ್ಲ ಹಾಕಿದರೂ ಅಲುಗಲಿಲ್ಲ.

“ರಾಧೀ, ಗಟ್ಟಿ ಹಿಡ್ಕೋ!” ಎಂದು ಚೀರಿ ಬ್ರೇಕು ತುಳಿದ. ವ್ಯಾನು ಜಾರಿತು. ಮಕ್ಕಳೆಲ್ಲ ಒಟ್ಟಿಗೆ ಕಿರುಚಿದರು. ಎಡಗಾಲಿ ಅಂಚುಕಲ್ಲಿಗೆ ಬಡಿಯಿತು, ಕಲ್ಲು ಕಿತ್ತು ನೀರಿಗೆ ಬಿತ್ತು, ವ್ಯಾನು ನಿಂತಿತು. ಗಾಲಿಯ ಅರ್ಧ ಸೇತುವೆಯ ಮೇಲೆ, ಅರ್ಧ ಗಾಳಿಯಲ್ಲಿ.

ಮಕ್ಕಳು ಇಳಿಯುವ ಬಾಗಿಲು ಹಳ್ಳದ ಕಡೆಗಿತ್ತು. ಚಂದ್ರಶಾ ತನ್ನ ಬಾಗಿಲಿನಿಂದ ಒಬ್ಬೊಬ್ಬರನ್ನೇ ಎಳೆದು ರಸ್ತೆಗೆ ಇಳಿಸಿದ. ಟ್ರ್ಯಾಕ್ಟರಿನವನು ಓಡಿ ಬಂದು ಅವರನ್ನು ಆಚೆ ದಡಕ್ಕೆ ದಾಟಿಸಿದ. ಚಂದ್ರಶಾ ಎಣಿಸಿದ: ಹನ್ನೊಂದು. ಮತ್ತೆ ಎಣಿಸಿದ: ಹನ್ನೊಂದು. ವ್ಯಾನಿನ ಕಡೆಗೆ ಓಡಿದ.

ರಾಧಿಕಾ ಮುಂದಿನ ಸೀಟಿನಲ್ಲೇ ಇದ್ದಳು. ಎರಡೂ ಕೈಯಿಂದ ಹಿಡಿಕೆ ಹಿಡಿದು, ಕಣ್ಣು ಮುಚ್ಚಿ, ತುಟಿ ಬಿಗಿದು ಕೂತಿದ್ದಳು. ಅವಳ ಕಿಟಕಿಯ ಕೆಳಗೆ ನೀರು ಬಿಟ್ಟರೆ ಬೇರೇನೂ ಕಾಣುತ್ತಿರಲಿಲ್ಲ.

“ಬಾರವ್ವಾ, ಯಾಕ ಇಳೀಲಿಲ್ಲ?”

“ನೀನ ಗಟ್ಟಿ ಹಿಡ್ಕೋ ಅಂದಿ.”

ಅವಳ ಬೆರಳು ಒಂದೊಂದಾಗಿ ಬಿಡಿಸಿ ಎತ್ತಿಕೊಂಡ. ರಸ್ತೆಯ ಮೇಲೆ ಅವಳನ್ನು ಎದೆಗೊತ್ತಿಕೊಂಡು ಸಣ್ಣ ಮಗುವಿನಂತೆ ಅತ್ತ. ಹನ್ನೊಂದು ಮಕ್ಕಳು ನೋಡುತ್ತಿದ್ದರು, ಅವನಿಗೆ ನಾಚಿಕೆ ಅನ್ನಿಸಲಿಲ್ಲ.

ಟ್ರ್ಯಾಕ್ಟರಿಗೆ ಹಗ್ಗ ಕಟ್ಟಿ ವ್ಯಾನನ್ನು ಹಿಂದಕ್ಕೆ ಎಳೆದು, ದಡದ ಗಟ್ಟಿ ನೆಲದ ಮೇಲೆ ನಿಲ್ಲಿಸಿದರು. ಚಂದ್ರಶಾ ಕೆಸರಿನಲ್ಲೇ ಮಲಗಿ ಎಡಗಾಲಿಯ ಹಿಂದೆ ತಲೆ ಹಾಕಿದ. ಪೈಪು ಬಿಚ್ಚಿ ಜೋತುಬಿದ್ದಿತ್ತು. ಅದರ ಕುತ್ತಿಗೆಗೆ ಕಪ್ಪು ದಾರದ ಗಂಟು. ದಾರದಲ್ಲಿ ಒಣಗಿದ ಮೆಣಸಿನಕಾಯಿ, ಒಡೆದ ಲಿಂಬೆಹಣ್ಣು, ಕೆಸರು ಮೆತ್ತಿ ಭಾರವಾದ ಒಂದು ಪುಟ್ಟ ಚಪ್ಪಲಿ. ರಸ್ತೆಯ ಕಲ್ಲಿಗೆಲ್ಲ ಸಿಕ್ಕಿ ಸಿಕ್ಕಿ ಅದೇ ಪೈಪನ್ನು ಜಗ್ಗಿತ್ತು.

ಅವನು ಅದನ್ನು ಬಿಚ್ಚಿ ಹೊರಗೆ ತಂದಾಗ ರಾಧಿಕಾ ಅಂದಳು, “ಅದು ನಂದು! ಕಳದದ ಅಂತ ಅವ್ವ ಅಂದಿದ್ಲು.”

ಚಂದ್ರಶಾ ಚಪ್ಪಲಿಯ ಕೆಸರನ್ನು ಹೆಬ್ಬೆರಳಿನಿಂದ ಒರೆಸಿದ.

“ಅಪ್ಪಾ, ನೀ ಉಣ್ಣಂಗಿಲ್ಲಂತ ಅವ್ವ ಅಡಗಿ ಮನ್ಯಾಗ ಅಳತಾಳ. ನಿನಗ ಹೇಳಬ್ಯಾಡ ಅಂದಾಳ.”

ಅವನು ಕರೀಂಸಾಬರಿಗೆ ಫೋನು ಮಾಡಿದ. ಬೇರೆ ವ್ಯಾನು ತರಿಸಿ ಮಕ್ಕಳನ್ನು ಶಾಲೆಗೆ ಕಳಿಸಿದ. ಆಮೇಲೆ ಸೇತುವೆಯ ದಂಡೆಯಲ್ಲೇ ಕೂತು ಒಂದೊಂದು ಮನೆಗೂ ಫೋನು ಹಚ್ಚಿ, ಆದದ್ದನ್ನು ಆದ ಹಾಗೆ ಹೇಳಿದ. ಕೆಲವರು ಬೈದರು, ಒಬ್ಬಾಕೆ ಅತ್ತಳು, ಇಬ್ಬರು ಇನ್ನು ಮೇಲೆ ಮಕ್ಕಳನ್ನು ಕಳಿಸುವುದಿಲ್ಲ ಅಂದರು. ಎಲ್ಲ ಕೇಳಿಸಿಕೊಂಡ.

ಮನೆಗೆ ಹೋಗಿ ಚಪ್ಪಲಿಯನ್ನು ಅನ್ನಮ್ಮನ ಮುಂದೆ ಇಟ್ಟ. ಅವಳು ಅವನ ಹಿಂದೆ ಬಾಗಿಲ ಕಡೆ ನೋಡಿದಳು.

“ಮಗಳು?”

“ಸಾಲಿಗಿ ಹೋಗ್ಯಾಳ. ಎಲ್ಲಾರೂ ಸುಖಾ ಅದಾರ.” ಅವನು ಚಪ್ಪಲಿಯ ಕಡೆ ಬೆರಳು ಮಾಡಿದ. “ಇದು ಯಾವಾಗ ಕಟ್ಟಿದ್ದಿ?”

“ಮುಂದ ಕಾಣಬಾರದು ಅಂತಂದ್ರಲ್ಲ ಸಾಲಿಯವ್ರು. ಮಣ್ಣೆತ್ತಿನ ಅಮಾಸಿಗೆ ಗಾಲಿ ಹಿಂದ ಕೈಗಿ ಸಿಕ್ಕ ಪೈಪಿಗೆ ಕಟ್ಟಿದ್ದೆ. ಹೋದ ವಾರ ನೋಡಿದ್ರ ಹರದು ಬಿದ್ದಿತ್ತು. ನಿಮ್ಮ ಮಾರಿ ನೋಡಿದ್ರ ಹಂಗ. ಏನೋ ಕೆಟ್ಟದ್ದು ಆಗ್ತದಂತ ಎದಿ ಹಾರತಿತ್ತು. ಮಂಗಳವಾರ ನಸಿಕಿನ್ಯಾಗ ದಪ್ಪ ದಾರ ತಗೊಂಡು ಗಟ್ಟಿ ಕಟ್ಟಿದೆ. ಯಾಕ್ರಿ?”

ಚಂದ್ರಶಾ ಪೈಪಿನ ಸಂಗತಿ ಹೇಳಿದ. ಅನ್ನಮ್ಮ ತನ್ನ ಎರಡೂ ಕೈ ಮುಂದೆ ಹಿಡಿದು, ಯಾರದೋ ಕೈಯನ್ನು ನೋಡುವಂತೆ ನೋಡಿಕೊಂಡಳು. “ನನ್ನ ಕೈಲೆ,” ಅಂದಳು. “ನನ್ನ ಕೈಲೇನ ಹನ್ನೆರಡು ಮಕ್ಕಳನ್ನ...”

ಅಲ್ಲಿಗೇ ಸುಮ್ಮನಾಗಿದ್ದರೆ ಚಂದ್ರಶಾ ಬಚಾವಾಗುತ್ತಿದ್ದ. ತಪ್ಪೆಲ್ಲ ಅವಳ ಮಡಿಲಲ್ಲಿ ಬಿದ್ದಿತ್ತು. ಜನ್ಮವಿಡೀ ಅವಳು ಅದನ್ನು ಹೊರುತ್ತಿದ್ದಳು. ಅವನಿಗೂ ಒಂದು ಗಳಿಗೆ ಆ ಆಸೆ ಬಂತು.

“ದಿನಾ ಮುಟ್ಟಿ ನೋಡು ಅಂತ ಚಾಚಾ ಹೇಳಿದ್ದ,” ಎಂದ. “ಮಂಗಳವಾರದಿಂದ ನಾ ಮುಟ್ಟಿಲ್ಲ. ಅಂಜಿ ಮುಟ್ಟಲಿಲ್ಲ. ಮುಟ್ಟಿದ್ರ ಅವತ್ತ ನಿನ್ನ ದಾರ ನನ್ನ ಕೈಗಿ ಸಿಗತಿತ್ತು.”

ಅನ್ನಮ್ಮ ಸೆರಗಿನಿಂದ ಮುಖ ಒರೆಸಿಕೊಂಡು ಅಂದಳು, “ನಿಮಗ ಅಂಜಿಕಿ ಆಗ್ಯದಂತ ನನಗೊಂದು ಮಾತು ಹೇಳಬೇಕಿತ್ರೀ.”

ಹೊಸ ರ‍್ಯಾಕ್ ಹಾಕಿಸಿ ತಂದ ಮರುದಿನ ಮುಂಜಾನೆ ಬಾಗಿಲಲ್ಲಿ ರಾಧಿಕಾ ಸೇರಿ ಹತ್ತು ಮಕ್ಕಳು ಕೂಡಿದರು. ಚಂದ್ರಶಾ ಬಗ್ಗುವ ಮೊದಲೇ ಅನ್ನಮ್ಮ ಸೆರಗು ಸಿಕ್ಕಿಸಿಕೊಂಡು ಗಾಲಿಯ ಪಕ್ಕ ಕೂತಳು. ಒಳಗೆ ಕೈಹಾಕಿ ಪೈಪನ್ನು ಹಿಡಿದು ಎರಡು ಸಲ ಜಗ್ಗಿದಳು.

“ಗಟ್ಟಿ ಅದ,” ಅಂದಳು. ಪಕ್ಕಕ್ಕೆ ಸರಿದು ಜಾಗ ಬಿಟ್ಟಳು. “ನೀವೂ ಒಮ್ಮೆ ನೋಡ್ರಿ.”

ಚಂದ್ರಶಾ ಅವಳ ಪಕ್ಕ ಮೊಣಕಾಲೂರಿ ಕೂತು, ಪೈಪು ಮುಟ್ಟಿ ನೋಡಿ, ಆಮೇಲೆ ರಾಧಿಕಾಳನ್ನು ಎತ್ತಿ ಮುಂದಿನ ಸೀಟಿನಲ್ಲಿ ಕೂರಿಸಿದ.