ಬೆಲ್ಲ ಬಿಟ್ಟ ಕುಸುಮಳ ಗಿರಣಿ

ಕುಸುಮ ಬೆಲ್ಲ ಬಿಟ್ಟಿದ್ದು ಹಿಟ್ಟಿನ ಗಿರಣಿಗಾಗಿ. ಎಂಬತ್ತಾರನೇ ಇಸವಿಯ ಚಾತುರ್ಮಾಸದಲ್ಲಿ ಸದಲಗಾದ ಬಸದಿಗೆ ಬಂದಿದ್ದ ಮುನಿ ಮಹಾರಾಜರ ಮುಂದೆ ಕೈಮುಗಿದು ನಿಂತು, ಸ್ವಂತ ಗಿರಣಿ ಹಾಕುವವರೆಗೆ ಬೆಲ್ಲ, ಸಕ್ಕರೆ ಬಾಯಿಗಿಡುವುದಿಲ್ಲ ಎಂದು ನೇಮ ಹಿಡಿದಳು. ಅಂದಿನಿಂದ ಅವಳ ಚಹಾ ಸಪ್ಪೆಯಾಯಿತು, ಓಣಿಯಲ್ಲಿ ಮರ್ಯಾದೆ ಹೆಚ್ಚಾಯಿತು.

ಗಿರಣಿಯ ಆಸೆ ಸುಮ್ಮನೆ ಹುಟ್ಟಿದ್ದಲ್ಲ. ಮಳೆಗಾಲದಲ್ಲಿ ಮೂರು ದಿನ ದಾಟಿದ ಹಿಟ್ಟನ್ನು ಅವರ ಓಣಿಯ ಜೈನರು ಮುಟ್ಟುತ್ತಿರಲಿಲ್ಲ. ಹಾಗಾಗಿ ಹೆಂಗಸರು ಬುಟ್ಟಿ ಹೊತ್ತು ಪೇಟೆಯ ಗಿರಣಿಗೆ ಮತ್ತೆ ಮತ್ತೆ ಹೋಗಬೇಕು. ಅಲ್ಲಿಯ ಮಾಲೀಕ ಗಂಡಸರ ಚೀಲಗಳೆಲ್ಲ ಮುಗಿಯುವ ತನಕ ಇವರನ್ನು ನಿಲ್ಲಿಸುತ್ತಿದ್ದ. ಕೊನೆಗೆ "ಬರ್ರಿ ಬಾಯಾರ" ಎಂದು ಕರೆಯುವಾಗ ಅವನ ಕಣ್ಣು ಹಿಟ್ಟಿನ ಮೇಲೆ ಇರುತ್ತಿರಲಿಲ್ಲ. ಅಲ್ಲಿಂದ ಬಂದಾಗಲೆಲ್ಲ ಕುಸುಮಳಿಗೆ ಮೈಯೆಲ್ಲ ಉರಿಯುತ್ತಿತ್ತು.

ಐನಾಪುರದಲ್ಲಿ ಅವಳ ಸೋದರಮಾವ ಕಾಕಾಸಾಹೇಬರ ಗಿರಣಿ ಬಾಗಿಲು ಹಾಕಿಕೊಂಡು ಕೂತಿತ್ತು. ಮಕ್ಕಳು ಮಿರಜಿನಲ್ಲಿ ನೌಕರಿ ಹಿಡಿದಿದ್ದರು. "ಕಲ್ಲು, ಮೋಟರು, ಪಟ್ಟಾ ಎಲ್ಲಾ ನಿಂದ. ಬಂದು ಒಯ್ಯವಾ" ಎಂದು ಅವರು ಆಗಲೇ ಹೇಳಿಯಾಗಿತ್ತು. ಮೇವು ಕತ್ತರಿಸುವ ಯಂತ್ರಕ್ಕೆಂದು ದೊಡ್ಡ ಕರೆಂಟು ಕುಸುಮಳ ಮನೆಗೆ ಮೊದಲೇ ಬಂದಿತ್ತು. ಬೀದಿಗೆ ಬಾಗಿಲಿದ್ದ ಕೋಣೆಯೂ ಇತ್ತು. ಹೋಗಿ ತರುವುದೊಂದೇ ಬಾಕಿ.

ಗಂಡ ಭೂಪಾಲ ಬೇಡ ಅನ್ನುವ ಪೈಕಿ ಅಲ್ಲ. ಬೇಡ ಅಂದಿದ್ದರೆ ಒಂದು ಜಗಳವಾದರೂ ಆಗುತ್ತಿತ್ತು. ಆತ ಕೋಣೆಯ ನೆಲದ ಮೇಲೆ ಸೀಮೆಸುಣ್ಣದಿಂದ ಗೆರೆ ಎಳೆದು, ಕಲ್ಲು ಇಲ್ಲಿ, ತಕ್ಕಡಿ ಅಲ್ಲಿ, ಹೆಂಗಸರು ಕೂಡಲು ಈ ಮೂಲೆ ಎಂದು ಬಲು ಹುರುಪಿನಿಂದ ತೋರಿಸುತ್ತಿದ್ದ. ಆಮೇಲೆ ಕಬ್ಬು ಕಾರ್ಖಾನೆಗೆ ಹೋಗಲಿ, ದಸರೆ ಆಗಲಿ, ತನ್ನ ತಂಗಿಯ ಮದುವೆ ಮುಗಿಯಲಿ ಎನ್ನುತ್ತಿದ್ದ. ಸಂಜೆಗೆ ಗೆಳೆಯರು ಬಂದು ಅದೇ ಗೆರೆಗಳ ಮೇಲೆ ಜಮಖಾನೆ ಹಾಸಿ ಇಸ್ಪೀಟು ಹಾಕುತ್ತಿದ್ದರು. ಕುಸುಮಳಿಗೂ ಇದೆಲ್ಲ ಒಗ್ಗಿಹೋಗಿತ್ತು, ಸುಳ್ಳು ಯಾಕೆ ಹೇಳಬೇಕು? ಸಪ್ಪೆ ಚಹಾ ಕುಡಿದಾಗಲೆಲ್ಲ ಗಿರಣಿಯ ಕೆಲಸ ಒಂದಿಷ್ಟು ಮಾಡಿ ಮುಗಿಸಿದಂತೆ ಅವಳಿಗೆ ಸಮಾಧಾನವಾಗುತ್ತಿತ್ತು.

ಹೀಗೆ ನಾಲ್ಕು ವರ್ಷ ಕಳೆದವು. ತಂಗಿಯ ಮದುವೆಯೂ ಆಯಿತು. ಆ ಬೀಗರು, ಐನಾಪುರಕ್ಕೆ ಹತ್ತಿರದ ಕಾಗವಾಡದ ಬಾಪುಸಾಹೇಬರು, ಒಂದು ಮಧ್ಯಾಹ್ನ ಊಟಕ್ಕೆ ಬಂದರು. ಮನೆಯಲ್ಲಿ ಹೋಳಿಗೆ ಮಾಡಿದ್ದರು. ಕುಸುಮ ಬಡಿಸುತ್ತಿದ್ದಳು.

"ನಮ್ಮಾಕಿ ಬೆಲ್ಲ ಬಿಟ್ಟು ನಾಕ ವರ್ಷ ಆತ್ರಿ" ಎಂದ ಭೂಪಾಲ, ಬಿಟ್ಟವನು ತಾನೇ ಎಂಬ ಗತ್ತಿನಲ್ಲಿ.

"ತವರಮನಿಗೆ ಹೋದ್ರೂ ಮುಟ್ಟಂಗಿಲ್ರಿ" ಎಂದು ಅತ್ತೆ ರಾಜಮತಿ ದನಿಗೂಡಿಸಿದಳು.

ಬಾಪುಸಾಹೇಬರು ತುತ್ತನ್ನು ಕೈಯಲ್ಲೇ ಹಿಡಿದು, "ಗಿರಣಿ ಸಲುವಾಗಿ ಅಲ್ರಿ? ಮತ್ತ ಕಾಕಾಸಾಹೇಬ್ರು ಅದನ್ನ ಅಥಣಿಯವರಿಗೆ ಕೊಡಾಕತ್ತಾರಲ್ಲ. ನಾಡಿದ್ದ ಬಂದು ಒಯ್ತಾರಂತ. ನಾಕ ವರ್ಷ ದಾರಿ ನೋಡಿದ್ನಿ, ನಮ್ಮ ಕುಸುಮಗ ಬ್ಯಾಡಾಗಿರಬೇಕು ಅಂದ್ರು" ಎಂದರು.

ಬೇಡಾಗಿರಬೇಕು. ಆ ಮಾತು ಕುಸುಮಳ ಎದೆಗೆ ನಾಟಿತು. "ನಾಳಿ ಹೋಗಿ ತರೂಣ್ರಿ" ಎಂದಳು ಗಂಡನಿಗೆ.

"ಹಿಂಗ ಅವಸರ ಮಾಡಿದ್ರ ಹೆಂಗ? ಕಬ್ಬಿನ ಗದ್ಲ ಐತಿ. ಅದು ಹೋದ್ರ ಇನ್ನೊಂದ ಸಿಗತೈತಿ. ಒಂದ ಸಲ ಎಲ್ಲಾರೂ ಕುಂತು ವಿಚಾರ ಮಾಡೂಣು."

"ಬೇಕಾದ್ರ ತುಪ್ಪಾನೂ ಬಿಡವಾ" ಎಂದಳು ಅತ್ತೆ. "ನೇಮ ಗಟ್ಟಿ ಇದ್ರ ಗಿರಣಿ ತಾನ ಬರತೈತಿ."

ಇವತ್ತು ತುಪ್ಪ, ನಾಳೆ ಹಾಲು. ತಾನು ಒಂದೊಂದನ್ನೇ ಬಿಡುತ್ತಾ ಹೋದರೆ ಈ ಮನೆಯಲ್ಲಿ ಯಾರಿಗೂ ತೊಂದರೆಯಿಲ್ಲ, ಯಾರ ಇಸ್ಪೀಟೂ ನಿಲ್ಲುವುದಿಲ್ಲ ಎಂದು ಕುಸುಮಳಿಗೆ ಹೊಳೆಯಿತು. ಸಿಟ್ಟು ನೆತ್ತಿಗೇರಿತು. ಗಂಡನ ಮೇಲೆ ಬಂದದ್ದಕ್ಕಿಂತ ತನ್ನ ಮೇಲೆ ಬಂದದ್ದೇ ಹೆಚ್ಚು. ಸೌಟು ಕೆಳಗಿಟ್ಟಳು. ಬೀಗರ ಎದುರಿಗೇ ತಾಟು ಹಾಕಿಕೊಂಡು ಕೂತು, ಒಂದು ಹೋಳಿಗೆ ಎತ್ತಿ, ಮುರಿದು ಬಾಯಿಗಿಟ್ಟಳು.

"ಕುಸುಮಾ, ನಿನ್ನ ನೇಮ" ಎಂದಳು ಅತ್ತೆ.

"ಹೌದ್ರಿ ಅತ್ತಿ, ಮುರದೇನಿ. ಮಹಾರಾಜರು ಎಲ್ಲಿದ್ರೂ ಹೋಗಿ, ನಾನ ತಪ್ಪ ಒಪ್ಪಿಕೊಂಡು ಪ್ರಾಯಶ್ಚಿತ್ತ ತೊಗೊತೀನಿ. ಗಿರಣಿ ಬಂದ ಮ್ಯಾಲೆ." ಹೀಗೆಂದು ಇನ್ನೊಂದು ಹೋಳಿಗೆಗೆ ತುಪ್ಪ ಹಾಕಿಕೊಂಡಳು.

ಕೈ ತೊಳೆದವಳು ನೇರವಾಗಿ ಹಿಂದಿನ ಓಣಿಯ ಮೌಲಾಲಿಯ ಮನೆಗೆ ಹೋದಳು. ಕೊಲ್ಹಾಪುರಕ್ಕೆ ಕಾಯಿಪಲ್ಲೆ ಸಾಗಿಸುವ ಟೆಂಪೋ ಅವನದು. ನಾಳೆ ಐನಾಪುರಕ್ಕೆ ಹೋಗಿ ಗಿರಣಿ ತರಬೇಕು ಎಂದಳು.

"ಭೂಪಾಲ ಏನಂತಾನ ವೈನಿ?" ಎಂದು ಕೇಳಿದ ಮೌಲಾಲಿ.

"ವಿಚಾರ ಮಾಡಾಕತ್ತಾರ. ಅವರ ವಿಚಾರ ಮುಗಿಯೂದ್ರಾಗ ನಾವು ಹೋಗಿ ಬರೂಣ."

ಮೌಲಾಲಿಯ ಹೆಂಡತಿ ಕುಲಸುಂಬಿ ಒಳಗಿನಿಂದಲೇ ನಕ್ಕಳು. ಮರುದಿನ ಬೆಳಿಗ್ಗೆ ಜೊತೆಗಿರಲೆಂದು ಅವಳೂ ಟೆಂಪೋ ಹತ್ತಿದಳು. ಐನಾಪುರದಲ್ಲಿ ಕಾಕಾಸಾಹೇಬರು ಸೋದರಸೊಸೆಯನ್ನು ಕಂಡದ್ದೇ ಗಿರಣಿಯ ಬೀಗ ತೆಗೆದರು. ಅಥಣಿಯವರಿಗೆ ತಾವೇ ಹೇಳಿ ಕಳಿಸುವುದಾಗಿ ಹೇಳಿದರು.

ಸಂಜೆ ಟೆಂಪೋ ಮನೆ ಮುಂದೆ ನಿಂತಾಗ ಕೋಣೆಯಲ್ಲಿ ಆಟ ನಡೆದಿತ್ತು. ಭೂಪಾಲ ಎಲೆಗಳನ್ನು ಕೈಯಲ್ಲಿ ಹಿಡಿದುಕೊಂಡೇ ಬಾಗಿಲಿಗೆ ಬಂದ. "ಇವತ್ತ ದಿನ ಚಲೋ ಇಲ್ಲ, ಇಳಸಬ್ಯಾಡ್ರಿ. ಒಂದ ಮುಹೂರ್ತ ನೋಡಿ..."

"ಇಳಸ್ರಿ ಮೌಲಾಲಿಯಣ್ಣಾ" ಎಂದಳು ಕುಸುಮ. ಗಂಡನನ್ನು ದಾಟಿ ಒಳಗೆ ಹೋಗಿ, ಆಟಗಾರರು ಏಳುತ್ತಿದ್ದಂತೆಯೇ ಜಮಖಾನೆಯನ್ನು ಎಲೆಗಳ ಸಮೇತ ಸುತ್ತಿ ಕಟ್ಟೆಯ ಮೇಲಿಟ್ಟಳು. ಕೂಡಲು ಜಾಗವಿಲ್ಲದ ಆ ಗೆಳೆಯರು ಸ್ವಲ್ಪ ಹೊತ್ತು ನಿಂತು ನೋಡಿ, ಕಲ್ಲಿಗೆ ತಾವೂ ಕೈ ಹಚ್ಚಿದರು. ಕೊನೆಗೆ ಭೂಪಾಲನೂ ಹಚ್ಚಿದ, ಮುಖ ಊದಿಸಿಕೊಂಡು.

ಮಿಸ್ತ್ರಿ ಬಂದು ಎಲ್ಲ ಜೋಡಿಸಿದ ದಿನ ಓಣಿಯ ಹೆಂಗಸರು ಬುಟ್ಟಿ ಹಿಡಿದು ಬಂದರು. ಅವರೆಲ್ಲ ಕೇಳುವಂತೆ ರಾಜಮತಿ ನಡುಬಾಗಿಲಲ್ಲಿ ನಿಂತು, "ನೇಮ ಮುರದಾಕಿ ಗಿರಣಿ ಹಿಟ್ಟ ನಾ ಉಣ್ಣಂಗಿಲ್ಲ. ಇವತ್ತಿಂದ ಬಿಟ್ಟೆ" ಎಂದಳು. ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು.

ಕುಸುಮ ಮೊದಲ ಬುಟ್ಟಿಯ ಜೋಳವನ್ನು ಗಿರಣಿಯ ಬಾಯಿಗೆ ಸುರಿದಳು.

"ಬಿಡ್ರಿ ಅತ್ತಿ" ಎಂದಳು. "ಬಿಡೂದು ಭಾಳ ಸುಲಭ ಐತಿ. ನಾಕ ವರ್ಷ ನಾ ಅದನ್ನ ಮಾಡೇನಿ."

ಮತ್ತೆ ಯಾರ ಮಾತಿಗೂ ಕಾಯದೆ ಬಟನ್ ಒತ್ತಿದಳು.