ಹೊಸ್ತಿಲಿನ ಕೊಣಮಿಗೆ

ಒಣ ಮರಕ್ಕೆ ಮೈಲಿಗೆಯಿಲ್ಲ. ಇದು ಧಾರವಾಡದ ದೊಡ್ಡ ಮನೆಗಳ ಕಾಯ್ದೆ. ಯಾರು ಬರೆದರೋ ಗೊತ್ತಿಲ್ಲ, ಆದರೆ ತಮ್ಮ ಅನುಕೂಲವನ್ನು ಚೆನ್ನಾಗಿ ನೋಡಿಕೊಂಡೇ ಬರೆದಿದ್ದಾರೆ. ಈ ಕಾಯ್ದೆಯ ಕೃಪೆಯಿಂದ ನಮ್ಮ ಅರ್ಜುನಪ್ಪ ಕಾಕಾ ಕಡೆದ ಲಟ್ಟಣಿಗೆ, ಕಡಗೋಲು, ಹುಟ್ಟು, ಉಪ್ಪಿನ ಮರಿಗೆ ಎಲ್ಲವೂ ಮಾಳಮಡ್ಡಿಯ ಅಡಿಗೆಮನೆಗಳಿಗೆ ತಲೆಯೆತ್ತಿಕೊಂಡು ಹೋಗುತ್ತಿದ್ದವು. ಕಾಕಾ ಮಾತ್ರ ಹಿತ್ತಲಲ್ಲೇ ನಿಲ್ಲುತ್ತಿದ್ದ. ಅವನು ಒಣ ಮರವಲ್ಲವಲ್ಲ, ಏನು ಮಾಡುವುದು!

ತೊಡಕು ಬರುತ್ತಿದ್ದುದು ಕೊಣಮಿಗೆಯಲ್ಲಿ. ಜೋಳದ ಹಿಟ್ಟು ನಾದಿ ರೊಟ್ಟಿ ಬಡಿಯುವ ಈ ಮರದ ಪಾತ್ರೆಯನ್ನು ಕೊಳ್ಳುವ ಮೊದಲು ಎಲ್ಲಾದರೂ ಸೀಳು ಬಿಟ್ಟಿದೆಯೋ ಎಂದು ನೀರು ತುಂಬಿಸಿ ನೋಡಬೇಕು. ನೀರು ಬಿತ್ತೆಂದರೆ ಒಣ ಮರದ ಕಾಯ್ದೆ ರದ್ದು. ನಮ್ಮ ಕೈಯ ನೀರು ಬಿದ್ದ ಪಾತ್ರೆಯನ್ನು ಅವರು ಕೋಲಿನಿಂದಲೂ ಮುಟ್ಟುತ್ತಿರಲಿಲ್ಲ. ಅದಕ್ಕೂ ಒಂದು ಉಪಾಯ ಮಾಡಿಕೊಂಡಿದ್ದರು. ಕಾಕಾ ಕೊಣಮಿಗೆಯನ್ನು ಹಿತ್ತಲ ಕಟ್ಟೆಯ ಮೇಲಿಟ್ಟು ದೂರ ಸರಿಯಬೇಕು. ಮನೆಯಾಕೆ ತನ್ನ ತಂಬಿಗೆಯಿಂದ ತಾನೇ ನೀರು ಸುರಿದು ನೋಡಬೇಕು. ಸೋರದಿದ್ದರೆ ಒಳಗೆ ಒಯ್ದು ಹಿಟ್ಟು ನಾದಿ, ಮೊದಲ ರೊಟ್ಟಿಯನ್ನು ತಂದು ಕಡೆದವರಿಗೆ ಕೊಡಬೇಕು. ಕೊಡುವುದೆಂದರೆ, ಮೇಲಿನಿಂದ ಸೆರಗಿಗೆ ಬೀಳಿಸುವುದು. ಗುರಿ ತಪ್ಪಿದರೆ ಅದು ನಾಯಿಯ ಪಾಲು.

ಆ ಸೆರಗು ಒಡ್ಡುತ್ತಿದ್ದವಳು ಕಾಕಾನ ಹೆಂಡತಿ, ನನ್ನ ಚಿಗವ್ವ ಸಾವಂತ್ರೆವ್ವ. ಲಕಮನಹಳ್ಳಿಯ ಮನೆಯ ಅಂಗಳದಲ್ಲಿ ಕಾಕಾನ ಮರ ಕಡೆಯುವ ತಿರುಗಣಿ ಇತ್ತು. ಅದಕ್ಕೆ ಸುತ್ತಿದ ಚರ್ಮದ ಪಟ್ಟಿಯನ್ನು ಅತ್ತ ಇತ್ತ ಜಗ್ಗುವವಳು ಚಿಗವ್ವ, ತಿರುಗುವ ಮರಕ್ಕೆ ಉಳಿ ಹಿಡಿಯುವವನು ಕಾಕಾ. ಪಟ್ಟಿ ಒಂದು ಕಡೆ ಹೋಗುವಾಗ ಉಳಿ ಕಚ್ಚುತ್ತದೆ, ಇನ್ನೊಂದು ಕಡೆ ಬರುವಾಗ ಕೈಗೆ ಬಿಡುವು. ಆ ಬಿಡುವಿನಲ್ಲಿ ಇಬ್ಬರೂ ಜಗಳವಾಡುತ್ತಿದ್ದರು. ಮರಕ್ಕೆ ಅವರು ಯಾವ ಕಾಡಿಗೂ ಹೋದವರಲ್ಲ. ರಸ್ತೆ ಅಗಲ ಮಾಡಲು ಉಣಕಲ್ಲಿನ ಹತ್ತಿರ ಕಡಿದು ಒಗೆದ ಬೇವು, ಮುರಿದ ಚಕ್ಕಡಿಯ ತುಂಡು, ಕೆಡವಿದ ಮನೆಯ ತೊಲೆ, ಹೀಗೆ ಊರು ಬೇಡವೆಂದದ್ದೆಲ್ಲ ನಮ್ಮ ಅಂಗಳಕ್ಕೆ ಬರುತ್ತಿತ್ತು.

ನಮ್ಮ ಕೇರಿಯವರು ಬೌದ್ಧರಾದ ಮರುದಿನ ಕಾಕಾ ಎಂದಿನಂತೆ ಎದ್ದು ಉಳಿ ಮಸೆಯುತ್ತ ಕುಳಿತ. ಚಿಗವ್ವ ಪಟ್ಟಿ ಹಿಡಿಯಲಿಲ್ಲ.

"ಇನ್ನ ಮ್ಯಾಲೆ ನಾ ಯಾರ ಮುಂದೂ ಸೆರಗ ಒಡ್ಡೂದಿಲ್ಲ," ಎಂದಳು. "ಮೊದಲನೇ ರೊಟ್ಟಿ ಒಳಗ ಕೂಡಿಸಿ ತಾಟಿನ್ಯಾಗ ನೀಡಬೇಕು. ಇಲ್ಲಂದ್ರ ಕೊಣಮಿಗಿ ಕೊಡೂದಿಲ್ಲ."

"ಹಂಗಾದ್ರ ಕೊಣಮಿಗಿ ಬಿಟ್ಟು ಬರೇ ಲಟ್ಟಣಿಗಿ ಮಾಡೂಣು ತಗೋ."

"ಮಾಡು. ಪಟ್ಟೀನೂ ನೀನ ಜಗ್ಗಿಕೋ."

ಕಾಕಾ ಹೋಗಿ ಈ ಕರಾರನ್ನು ಮಾಳಮಡ್ಡಿಗೆ ಮುಟ್ಟಿಸಿದ. ಮಾಳಮಡ್ಡಿ ಸುಮ್ಮನಾಯಿತು. ಅಲ್ಲಿಯ ಮಂದಿಗೆ ಇದ್ದಕ್ಕಿದ್ದಂತೆ ಹಿತ್ತಾಳೆಯ ಪರಾತದ ಮೇಲೆ ಪ್ರೀತಿ ಹುಟ್ಟಿತು. ಕಡೆದಿಟ್ಟ ಕೊಣಮಿಗೆಗಳು ನಮ್ಮ ಮನೆಯ ಮೂಲೆಯಲ್ಲಿ ಧೂಳು ತಿನ್ನುತ್ತ ಕುಳಿತವು.

ಆಗ ಬಂದವಳು ಸುಹಾಸಿನಿಬಾಯಿ. ಯಾವುದೋ ಸಮಾಜ ಸುಧಾರಣೆಯ ಮಂಡಳಿಗೆ ಅಧ್ಯಕ್ಷೆ. ಭೇದಭಾವದ ಮೇಲೆ ಎಷ್ಟು ಚೆಂದ ಭಾಷಣ ಮಾಡುತ್ತಿದ್ದಳೆಂದರೆ ಕೇಳಿದವರು ಚಪ್ಪಾಳೆ ತಟ್ಟಿ, ನೇರವಾಗಿ ಮನೆಗೆ ಹೋಗಿ, ಸ್ನಾನ ಮಾಡಿ ಊಟಕ್ಕೆ ಕೂಡುತ್ತಿದ್ದರು. ಅವಳ ಗಂಡ ಹಳೆಯ ವಾಡೆ ಕೆಡವಿ ಸಿಮೆಂಟಿನ ಮನೆ ಕಟ್ಟಿಸಿದ್ದ. ಕಲ್ಲುಮಣ್ಣಿನ ರಾಶಿಯಲ್ಲಿ ಅಡಿಗೆಮನೆಯ ಹೊಸ್ತಿಲು ಬಿದ್ದಿತ್ತು. ಹೊನ್ನೆ ಮರ, ಎರಡು ಗೇಣು ಅಗಲ, ಒಳ್ಳೇ ದಪ್ಪ. ಕಾಕಾ ಕೇಳಿದ, ಅವಳು ಒಯ್ಯಿರಿ ಎಂದಳು.

"ಅದರಾಗ ನನಗೊಂದು ಕೊಣಮಿಗಿ ಮಾಡಿಕೊಡ್ರಿ. ಮೊದಲನೇ ರೊಟ್ಟಿ ನಮ್ಮ ಹೊಸಾ ಅಡಿಗಿಮನ್ಯಾಗ ಕೂತು ತಿನ್ರಿ. ನಾನೇ ಬಡಸ್ತೀನಿ. ನಮ್ಮ ಮನ್ಯಾಗ ಹಂಥಾದ್ದೆಲ್ಲಾ ಇಲ್ಲ."

ಈ ಮಾತು ಕೇಳಿದ ಚಿಗವ್ವ ಆ ರಾತ್ರಿ ನಿದ್ದೆ ಮಾಡಿದ್ದು ಅನುಮಾನ. ಅವಳ ತಾಯಿ ಆ ವಾಡೆಯ ಹಿತ್ತಲು ಗುಡಿಸಿ ಜೀವ ತೇಯ್ದವಳು. ತಾಯಿಯ ಜೊತೆ ಹೋದ ಚಿಗವ್ವ ಕಟ್ಟೆಯ ಕೆಳಗೆ ಕುಳಿತು, ಹೊಸ್ತಿಲಿನಾಚೆ ರೊಟ್ಟಿ ಬಡಿಯುವ ಸದ್ದು ಕೇಳುತ್ತ ದೊಡ್ಡವಳಾದವಳು.

"ಆ ಹೊಸ್ತಿಲಾ ನಾ ಹೊರಗಿಂದ ನೋಡಿದಷ್ಟು ಅವರು ಒಳಗಿಂದ ನೋಡಿಲ್ಲ," ಎಂದಳು ನನಗೆ. "ಆ ಮನ್ಯಾಗ ಒಲಿ ಮುಂದ ಕೂತು ಒಂದ ರೊಟ್ಟಿ ತಿನಬೇಕವಾ. ನಮ್ಮವ್ವಗ ಅದು ಕೂಡಿ ಬರಲಿಲ್ಲ."

ಆ ಕೊಣಮಿಗೆ ಕಡೆಯುವಾಗ ಮಾತ್ರ ಅವರು ಜಗಳವಾಡಲಿಲ್ಲ. ತಲೆತಲಾಂತರದವರ ಕಾಲು ಸವೆಸಿದ ತಗ್ಗು ಉಳಿಯ ಬಾಯಿಗೆ ಹೋಯಿತು. ಕೆಂಪಗಿನ ಮರದ ಅಂಚಿನಲ್ಲಿ ಒಂದು ಹಳದಿ ಗೆರೆ ಉಳಿಯಿತು. ಶುಕ್ರವಾರ ಶುಕ್ರವಾರ ಹಚ್ಚಿದ ಅರಿಶಿನ ಮರದೊಳಗೆ ಇಳಿದುಬಿಟ್ಟಿತ್ತು. ಕಾಕಾ ಅದನ್ನು ತೆಗೆಯಲು ಹೋದಾಗ ಚಿಗವ್ವ ಪಟ್ಟಿ ನಿಲ್ಲಿಸಿ, "ಇರಲಿ ಬಿಡು, ಛಂದ ಕಾಣತೈತಿ," ಎಂದಳು.

ಕೊಡಲು ಹೋದ ದಿನ ನನ್ನನ್ನೂ ಕರೆದೊಯ್ದರು. ನಾನು ಶಾಲೆಯಲ್ಲಿ ಕಲಿಸುವ ಅಕ್ಕೋರು, ದೊಡ್ಡವರೊಡನೆ ಮಾತಾಡಲು ಬೇಕಾಗುತ್ತೇನೆಂದು ಅವರ ಲೆಕ್ಕ. ಚಿಗವ್ವ ಮುಂಜಾನೆಯಿಂದ ಏನೂ ತಿಂದಿರಲಿಲ್ಲ. ಹೊಸ ಮನೆಗೆ ನುಣುಪಾದ ಮೊಜಾಯಿಕ್ ನೆಲ, ಹೊಸ್ತಿಲೇ ಇಲ್ಲ. ಆದರೂ ಕಾಕಾ ಬಾಗಿಲಲ್ಲಿ ಕಾಲನ್ನು ಎತ್ತರಕ್ಕೆ ಎತ್ತಿ, ಇಲ್ಲದ ಹೊಸ್ತಿಲನ್ನು ದಾಟಿ ಒಳಗೆ ಬಂದ. ನನಗೆ ನಗುವೂ ಬಂತು, ಸಿಟ್ಟೂ ಬಂತು.

ಸುಹಾಸಿನಿಬಾಯಿ ಕೊಣಮಿಗೆಯನ್ನು ತಿರುಗಿಸಿ ತಿರುಗಿಸಿ ನೋಡಿದಳು. "ಅಯ್ಯ, ಏನ್ ಕಲಾರೀ ಇದು!" ಎಂದವಳೇ ಪಡಸಾಲೆಯ ಗಾಜಿನ ಕಪಾಟು ತೆರೆದು, ಗಂಧದ ಆನೆಯನ್ನು ಪಕ್ಕಕ್ಕೆ ಸರಿಸಿ, ಅದನ್ನು ಅಲ್ಲಿ ನಿಲ್ಲಿಸಿಬಿಟ್ಟಳು.

"ಅವ್ವಾರ, ಅದು ಹಿಟ್ಟ ನಾದಾಕ ಐತ್ರಿ," ಎಂದಳು ಚಿಗವ್ವ.

"ಛೇ ಛೇ, ಇಂಥಾ ಕಲಾಕೃತಿಗೆ ಹಿಟ್ಟು ಹಚ್ಚೋದೇ? ಮಂಡಳಿಯವರು ಬಂದು ನೋಡಬೇಕು ಇದನ್ನ."

"ಮತ್ತ ರೊಟ್ಟಿರೀ?"

"ಅಡಿಗಿಮನಿ ಇನ್ನೂ ಹೊಂದಿಸಿಲ್ಲ ನೋಡ್ರಿ. ಇನ್ನೊಮ್ಮೆ ಮಾಡೋಣಂತ."

ಹೊಂದಿಸದ ಆ ಅಡಿಗೆಮನೆಯಿಂದ ಬದನೆಕಾಯಿ ಎಣ್ಣೆಗಾಯಿಯ ವಾಸನೆ ಘಮ್ಮೆಂದು ಬರುತ್ತಿತ್ತು. ಸುಹಾಸಿನಿಬಾಯಿ ಬಿಸ್ಕೀಟು ತಂದಿಟ್ಟಳು, ಗಾಜಿನ ಗ್ಲಾಸಿನಲ್ಲಿ ನೀರು ತಂದಳು. "ನೋಡ್ರಿ ಅಕ್ಕೋರೆ, ನನ್ನ ಕೈಯಾರೆ ಕೊಡ್ಲಿಕ್ಕತ್ತೀನಿ," ಎಂದು ನನಗೆ ತಿಳಿಸಿದಳು. ದೇಶ ಉದ್ಧಾರವಾದದ್ದಕ್ಕೆ ಸಾಕ್ಷಿ ಬೇಕಲ್ಲ! ಚಿಗವ್ವ ಅರ್ಧ ಗ್ಲಾಸು ಕುಡಿದು, ಉಳಿದದ್ದನ್ನು ಕೈಯಲ್ಲೇ ಹಿಡಿದು ಕುಳಿತಳು. ಬಿಸ್ಕೀಟು ಮುಟ್ಟಲಿಲ್ಲ.

ಅಷ್ಟರಲ್ಲಿ ಸುಹಾಸಿನಿಬಾಯಿಯ ಅತ್ತೆ ಹೊರಗೆ ಬಂದಳು. ಹೊಸ್ತಿಲನ್ನು ಜೋಪಾನವಾಗಿ ಎತ್ತಿಟ್ಟಿದ್ದೇವೆಂದು ಆ ಮುದುಕಿಯನ್ನು ನಂಬಿಸಿದ್ದರಂತೆ. ನಮ್ಮನ್ನು ನೋಡಿ ಗೋಡೆಗೆ ಸರಿದು ನಡೆದವಳು ಕಪಾಟಿನ ಮುಂದೆ ನಿಂತುಬಿಟ್ಟಳು. ಹಳದಿ ಗೆರೆಯನ್ನು ಕಂಡ ಕೂಡಲೇ ಬಾಗಿಲು ತೆರೆದು ಕೊಣಮಿಗೆಯನ್ನು ಎತ್ತಿ ಕಣ್ಣಿಗೆ ಒತ್ತಿಕೊಂಡಳು.

"ನನ್ನ ಹೊಸ್ತಿಲಾ! ಲಕ್ಷ್ಮೀನ್ನ ಕಡಿಸಿ ಹಾಕ್ದೇನ ನೀ?" ಎಂದು ಸೊಸೆಯ ಮೇಲೆ ಹರಿಹಾಯ್ದಳು. "ಇದು ಇರೋದು ದೇವರ ಮನ್ಯಾಗ. ಕುಂಕುಮ ತಾ."

ಕಡೆದ ಕೈ ಯಾರದೆಂದು ಆಕೆಗೆ ಗೊತ್ತಿತ್ತು. ಆದರೆ ಮರ ಒಣಗಿತ್ತು, ಮೇಲಾಗಿ ಲಕ್ಷ್ಮಿ. ಕಾಯ್ದೆ ಆಕೆಯ ಪರವಾಗಿಯೇ ಇತ್ತು. ಸುಹಾಸಿನಿಬಾಯಿ ಬಿಡಲಿಲ್ಲ. "ಅತ್ತೆ, ಅದು ಕಲಾರೀ," ಎಂದು ಕೊಣಮಿಗೆಯ ಒಂದು ಅಂಚು ಹಿಡಿದಳು. ಮುದುಕಿ ಇನ್ನೊಂದು ಅಂಚು ಬಿಡಲಿಲ್ಲ. ಇಬ್ಬರೂ ಜಗ್ಗಿದರು. ತಿರುಗಣಿಯ ಪಟ್ಟಿ ಜಗ್ಗಿದಂತೆ ಅತ್ತ ಇತ್ತ ಹೋದರೂ ಕೆಲಸ ಮಾತ್ರ ಏನೂ ಆಗಲಿಲ್ಲ. ಒಬ್ಬಳಿಗೆ ಕಪಾಟು ಬೇಕು, ಒಬ್ಬಳಿಗೆ ದೇವರ ಮನೆ. ಒಲೆಯ ಹೆಸರನ್ನು ಯಾರೂ ಎತ್ತಲಿಲ್ಲ.

ಚಿಗವ್ವ ಎದ್ದಳು. ಅವಳ ಮುಖ ನೋಡಿ ಕಾಕಾ "ಏ, ಬ್ಯಾಡ," ಎಂದ. ಏನು ಬೇಡವೆಂದು ಅವನಿಗೂ ಗೊತ್ತಿರಲಿಲ್ಲ.

"ಅವ್ವಾರ, ಒಂದ ಮರತೇವಿ ನೋಡ್ರಿ," ಎಂದಳು ಮೆಲ್ಲಗೆ. "ಸೋರತೈತೇನಂತ ನೋಡಲೇ ಇಲ್ಲ."

ಗ್ಲಾಸಿನಲ್ಲಿ ಉಳಿದಿದ್ದ ತನ್ನ ಎಂಜಲು ನೀರನ್ನು ಅಷ್ಟೂ ಕೊಣಮಿಗೆಯೊಳಗೆ ಸುರಿದಳು.

ಮುದುಕಿ ಕೆಂಡ ಹಿಡಿದವಳಂತೆ ಕೈ ಬಿಟ್ಟಳು. ಸೊಸೆಯೂ ಬಿಟ್ಟಳು. ಕಾಕಾ ಮುಂದೆ ಬಾಗಿ ಎರಡೂ ಕೈಯಿಂದ ಹಿಡಿಯದಿದ್ದರೆ ಅದು ಮೊಜಾಯಿಕ್ ನೆಲದ ಮೇಲೆ ಬೀಳುತ್ತಿತ್ತು. ಅವನು ಅದನ್ನು ನೆಲಕ್ಕಿಟ್ಟ. ಚಿಗವ್ವ ಕುಕ್ಕರುಗಾಲಲ್ಲಿ ಕುಳಿತು ಅದರ ತಳ ಸವರಿ ನೋಡಿದಳು.

"ಸೋರೂದಿಲ್ಲರಿ," ಎಂದಳು. "ತಗೋರಿ. ಕಪಾಟಿನ್ಯಾಗರೇ ಇಡ್ರಿ, ದೇವರ ಮನ್ಯಾಗರೇ ಇಡ್ರಿ."

ಮುದುಕಿ ಬಚ್ಚಲಿನ ಕಡೆ ಹೋದಳು. ಅವಳದು ನೇರ ವ್ಯವಹಾರ. ಸುಹಾಸಿನಿಬಾಯಿಯ ಪಾಡು ಕಷ್ಟದ್ದು. "ನಾವೇನ್ ಹಂಥಾದ್ದು ನಂಬೋದಿಲ್ಲ," ಎಂದು ನನ್ನ ಕಡೆ ನೋಡಿ ಹೇಳುತ್ತಲೇ ಸೀರೆಯ ನಿರಿಗೆ ಎತ್ತಿ ಹಿಂದೆ ಸರಿದಳು. "ಆದ್ರ ನಿಮ್ಮ ಕಡೇನ ಇರಲಿ ಬಿಡ್ರಿ. ನಿಮಗ ಉಪಯೋಗ ಆಗ್ತದ."

"ಆಗತೈತ್ರಿ," ಎಂದಳು ಚಿಗವ್ವ. ನೀರನ್ನು ಅಂಗಳದ ಗುಲಾಬಿ ಗಿಡಕ್ಕೆ ಹೊಯ್ದು, ಕೊಣಮಿಗೆಯನ್ನು ಸೊಂಟಕ್ಕೇರಿಸಿ, ಮುಂಬಾಗಿಲಿನಿಂದಲೇ ನಡೆದಳು.

ಮನೆ ಮುಟ್ಟಿದ ಮೇಲೆ ಚಿಗವ್ವ ಒಲೆಯ ಕಡೆ ಹೊರಟಳು. ಕಾಕಾ ಅವಳ ರಟ್ಟೆ ಹಿಡಿದು ಕೂರಿಸಿದ. ತಾನೇ ಒಲೆ ಹಚ್ಚಿದ, ಕೊಣಮಿಗೆಯಲ್ಲಿ ಹಿಟ್ಟು ನಾದಿದ, ಉಳಿ ಹಿಡಿದು ಗಡುಸಾದ ಕೈಯಿಂದ ಬಡಿಯತೊಡಗಿದ. ಮರವನ್ನು ಗುಂಡಗೆ ಕಡೆಯುವ ಮನುಷ್ಯನ ರೊಟ್ಟಿಗೆ ಅಷ್ಟು ಮೂಲೆಗಳಿರಬಹುದೆಂದು ನಾನು ಎಣಿಸಿರಲಿಲ್ಲ. ಅದನ್ನು ತಾಟಿನಲ್ಲಿ ಹಾಕಿ, ಶೇಂಗಾ ಚಟ್ನಿ ಇಟ್ಟು, ಅವಳ ಮುಂದೆ ಸರಿಸಿದ. "ಊಟಾ ಮಾಡ್ರಿ ಅವ್ವಾರ," ಎಂದ. ಹೆಂಡತಿಯನ್ನು ಅವನು ಹಾಗೆ ಕರೆದದ್ದನ್ನು ನಾನು ಅದೇ ಮೊದಲು ಕೇಳಿದ್ದು.

ಚಿಗವ್ವ ರೊಟ್ಟಿ ಮುರಿದಳು, ಬಾಯಿಗಿಡಲಿಲ್ಲ. ಕಣ್ಣೀರು ತಾಟಿಗೆ ಬಿತ್ತು.

"ಅವರ ಒಲಿ ಮುಂದ ತಿನಬೇಕಂತ ಇತ್ತು ನನಗ," ಎಂದಳು.

"ಗೊತ್ತೈತಿ," ಎಂದ ಕಾಕಾ. ಹಿಟ್ಟು ಮೆತ್ತಿದ ಕೈಯನ್ನು ತೊಡೆಯ ಮೇಲಿಟ್ಟುಕೊಂಡು ಅವಳ ಎದುರು ಕುಳಿತೇ ಇದ್ದ.

ಬಹಳ ಹೊತ್ತಿನ ಮೇಲೆ ಅವಳು ಒಂದು ತುತ್ತು ತಿಂದಳು. ನಿಧಾನವಾಗಿ ಅಗಿದಳು. ಸೆರಗಿನಿಂದ ಮುಖ ಒರೆಸಿಕೊಂಡಳು.

"ನಡುವ ಹಸಿ ಐತಿ," ಎಂದಳು. "ಇನ್ನೊಂದ ಬಡಿ."